ಕೀಲಿ ಹಾಕಿದ ಅಕ್ಷರಗಳು

(ಬೈಲಹೊಂಗಲ ತಾಲ್ಲೂಕಿನ ಸಂಗೊಳ್ಳಿಯಲ್ಲಿ ವಿದ್ಯಾರ್ಥಿಗಳು ಹಾಗೂ ಶಿಕ್ಷಕರ ಎದುರು ಮಾಡಿದ ಭಾಷಣದ ಬರಹರೂಪ)



ಸಂಗೊಳ್ಳಿಗೆ ಬಂದವರು ರಾಯಣ್ಣನ ಮಾತನಾಡಿ ಹೋಗುವುದು ವಾಡಿಕೆ. ನಾನು ಕಂಪ್ಯೂಟರಿನ ಮಾತನಾಡಲು ಬಂದಿದ್ದೇನೆ. ಆದರೂ ಆರಂಭ ಮಾತ್ರ ಕಿತ್ತೂರಿನಿಂದಲೇ. ನನ್ನ ವಿಷಯಕ್ಕೆ ಬೇಕಾದ ಒಂದು ಚಿತ್ರ ಆ ಇತಿಹಾಸದಲ್ಲಿದೆ.

1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರ ಸರ್ಜ ತೀರಿಕೊಂಡಾಗ ಧಾರವಾಡದ ಕಲೆಕ್ಟರ್ ಥ್ಯಾಕರೆ ದತ್ತಕವನ್ನು ಒಪ್ಪಲಿಲ್ಲ. ಖಜಾನೆಗೆ ಮೊಹರು ಹಾಕಿಸಿ ಕಾವಲು ಇರಿಸಿದ. ಹಣ ಎಲ್ಲಿಗೂ ಹೋಗಿರಲಿಲ್ಲ, ಕೋಟೆಯೊಳಗೇ ಇತ್ತು. ಆದರೆ ಅದನ್ನು ಮುಟ್ಟಬೇಕಾದರೆ ಪರರ ಅಪ್ಪಣೆ ಬೇಕಾಯಿತು. ಮುಂದಿನದು, ಅಂದರೆ ಅಕ್ಟೋಬರ್ 23ರ ಕಾಳಗ, ಥ್ಯಾಕರೆಯ ಸಾವು, ಇದನ್ನೆಲ್ಲ ನಿಮಗೆ ನಾನು ಹೇಳಬೇಕಾಗಿಲ್ಲ. ನನಗೆ ಬೇಕಾದದ್ದು ಆ ಮೊಹರು ಮಾತ್ರ. ವಸ್ತು ನಮ್ಮ ಮನೆಯಲ್ಲಿ, ಕೀಲಿಕೈ ಬೇರೆಯವರ ಹತ್ತಿರ. ಇಂದಿನ ಗಣಕ ಜಗತ್ತಿನ ದೊಡ್ಡ ಜಗಳವೂ ಇದೇ ಆಗಿದೆ.

ಕಂಪ್ಯೂಟರನ್ನೋ ಮೊಬೈಲನ್ನೋ ಕೊಂಡಾಗ ಅದರೊಳಗೆ ಆಪರೇಟಿಂಗ್ ಸಿಸ್ಟಂ ಎಂಬುದೊಂದು ಕೂತಿರುತ್ತದೆ. ಹಳೆಯ ಕಾಲದ ವಾಲೀಕಾರನನ್ನು ನೆನೆಸಿಕೊಳ್ಳಿ. ಊರೊಳಗೆ ಯಾರು ಬಂದರು, ಯಾರು ಹೋದರು, ಯಾವ ಹೊಲ ಯಾರದು, ಚಾವಡಿಗೆ ಯಾರನ್ನು ಕರೆಯಬೇಕು, ಎಲ್ಲವೂ ಅವನಿಗೆ ಗೊತ್ತು. ಯಂತ್ರದ ಒಳಗೂ ಹಾಗೆಯೇ. ಯಾವ ಕೆಲಸಕ್ಕೆ ಎಷ್ಟು ಸ್ಮರಣೆ, ಯಾವ ಕಡತ ಎಲ್ಲಿ, ಮುದ್ರಣಯಂತ್ರದ ಸರದಿ ಯಾರದು ಎಂಬುದನ್ನೆಲ್ಲ ಈ ವ್ಯವಸ್ಥೆ ನೋಡಿಕೊಳ್ಳುತ್ತದೆ. ವಾಲೀಕಾರ ಇರಲೇಬೇಕು. ಪ್ರಶ್ನೆ ಏನೆಂದರೆ, ಅವನು ಯಾರ ಮಾತು ಕೇಳುತ್ತಾನೆ? ಊರಿನದೋ, ಊರಾಚೆಯ ಒಡೆಯನದೋ? ಕಿತ್ತೂರಿನ ಶೇತಸನದಿಯಾಗಿದ್ದ ರಾಯಣ್ಣನ ಊರಿನಲ್ಲಿ ಈ ಪ್ರಶ್ನೆಯ ತೂಕವನ್ನು ವಿವರಿಸುವುದು ಅನಗತ್ಯ.

ಇನ್ನು ತಂತ್ರಾಂಶದ ಮಾತು. ನಮ್ಮ ಹೊಲಗಳ ಕೂರಿಗೆಯ ತಾಳು ಮುರಿದರೆ ಬಡಿಗೇರರ ಮನೆಗೆ ಒಯ್ಯುತ್ತಿದ್ದರು. ಅದು ಹೇಗೆ ಕೆಲಸ ಮಾಡುತ್ತದೆ ಎಂಬುದು ಕಣ್ಣಿಗೆ ಕಾಣುತ್ತಿತ್ತು. ಎರೆಹೊಲಕ್ಕೆ ಒಂದು ರೀತಿ, ಮಸಾರಿಗೆ ಇನ್ನೊಂದು ರೀತಿ ತಿದ್ದಿಸಿಕೊಳ್ಳಲೂ ಬರುತ್ತಿತ್ತು. ತಂತ್ರಾಂಶವನ್ನೂ ಮೊದಲು ಮನುಷ್ಯರು ಓದಬಲ್ಲ ಸೂಚನೆಗಳಾಗಿಯೇ ಬರೆಯುತ್ತಾರೆ. ಇದಕ್ಕೆ ಮೂಲಸಂಕೇತವೆನ್ನೋಣ. ಬಳಿಕ ಅದನ್ನು ಯಂತ್ರಕ್ಕಷ್ಟೇ ಅರ್ಥವಾಗುವ ಅಂಕಿಗಳ ರಾಶಿಯಾಗಿ ಮಾರ್ಪಡಿಸುತ್ತಾರೆ. ಹೆಚ್ಚಿನ ಕಂಪನಿಗಳು ನಮಗೆ ಕೊಡುವುದು ಈ ರಾಶಿಯನ್ನು ಮಾತ್ರ. ಬಳಸಬಹುದು, ಬಿಚ್ಚಿ ನೋಡುವಂತಿಲ್ಲ.

1980ರ ಸುಮಾರಿಗೆ ಅಮೆರಿಕದ ಎಂ.ಐ.ಟಿ. ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್ಮನ್ ಎಂಬ ತರುಣ, ಪದೇ ಪದೇ ಕಾಗದ ಸಿಕ್ಕಿಹಾಕಿಕೊಳ್ಳುತ್ತಿದ್ದ ಮುದ್ರಣಯಂತ್ರವೊಂದನ್ನು ಸರಿಪಡಿಸಲು ಹೊರಟು, ಅದರ ಮೂಲಸಂಕೇತ ಕೇಳಿದ. ಸಿಗಲಿಲ್ಲ. 1983ರಲ್ಲಿ ಆತ ಗ್ನೂ ಎಂಬ ಯೋಜನೆಯನ್ನು ಸಾರಿದ. 1989ರಲ್ಲಿ ಅದಕ್ಕೊಂದು ಪರವಾನಗಿ ಪತ್ರ ಬಂತು. ಯಾರು ಬೇಕಾದರೂ ಬಳಸಿ, ಓದಿ, ತಿದ್ದಿ, ಹಂಚಿ. ಆದರೆ ತಿದ್ದಿ ಹಂಚುವವರು ತಮ್ಮ ತಿದ್ದುಪಡಿಯನ್ನೂ ಹೀಗೆಯೇ ತೆರೆದಿಡಬೇಕು ಎಂಬುದು ಅದರ ಸಾರ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಬರೆದ ಲಿನಕ್ಸ್ ಮರುವರ್ಷ ಇದೇ ಪರವಾನಗಿಯ ಅಡಿಗೆ ಬಂತು. 2017ರ ನವೆಂಬರಿನಿಂದ ಜಗತ್ತಿನ ಅತಿ ವೇಗದ 500 ಗಣಕಗಳ ಪಟ್ಟಿಯಲ್ಲಿರುವುದೆಲ್ಲ ಲಿನಕ್ಸ್ ನಡೆಸುವ ಯಂತ್ರಗಳೇ.

ಇಲ್ಲಿ ಕನ್ನಡಕ್ಕೆ ಒಂದು ಅನುಕೂಲವಿದೆ. ಇಂಗ್ಲಿಷಿನ 'ಫ್ರೀ' ಎಂಬ ಮಾತಿಗೆ ಪುಕ್ಕಟೆ ಎಂಬ ಅರ್ಥವೂ ಉಂಟು, ಸ್ವತಂತ್ರ ಎಂಬ ಅರ್ಥವೂ ಉಂಟು. ಸ್ಟಾಲ್ಮನ್ ಈ ಗೊಂದಲವನ್ನು ಬಿಡಿಸುತ್ತಲೇ ಮುದುಕನಾದ. ನಮಗೆ ಆ ತೊಂದರೆಯಿಲ್ಲ. ಉಚಿತ ಬೇರೆ, ಮುಕ್ತ ಬೇರೆ. ಜಾತ್ರೆಯಲ್ಲಿ ಪುಕ್ಕಟೆ ಹಂಚಿದ ಬುಂದೆ ಉಚಿತ; ಬುಂದೆ ಮಾಡುವ ಕ್ರಮವನ್ನು ಕಲಿಸಿಕೊಟ್ಟರೆ ಅದು ಮುಕ್ತ. ಈ ವ್ಯತ್ಯಾಸವನ್ನು ಮರೆತದ್ದರಿಂದ ಕನ್ನಡಕ್ಕೆ ಏನಾಯಿತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

1990ರ ದಶಕದಲ್ಲಿ ಕನ್ನಡದ ಅಚ್ಚಿನ ಕೆಲಸ ಮೊಳೆಗಳಿಂದ ಕಂಪ್ಯೂಟರಿಗೆ ಬಂತು. ಹುಬ್ಬಳ್ಳಿ, ಗದಗ, ಬೆಳಗಾವಿಯ ಮುದ್ರಣಾಲಯಗಳಲ್ಲೆಲ್ಲ ಡಿ.ಟಿ.ಪಿ. ಎಂಬ ಮೂರಕ್ಷರ ಮೊಳಗಿತು. ಆದರೆ ಆಗಿನ ಅಕ್ಷರವಿನ್ಯಾಸಗಳಲ್ಲಿ, ಅಂದರೆ ಫಾಂಟುಗಳಲ್ಲಿ, ಇದ್ದದ್ದು 256 ಮನೆಗಳು. ಅವೂ ಇಂಗ್ಲಿಷಿನವರು ಮೊದಲೇ ಹಿಡಿದ ಮನೆಗಳು. ಕನ್ನಡದ ತಲೆಕಟ್ಟು, ಕೊಂಬು, ಒತ್ತಕ್ಷರಗಳ ಚೂರುಗಳನ್ನು ಆ ಮನೆಗಳಲ್ಲೇ ಬಾಡಿಗೆಗೆ ಇರಿಸಿದರು. ತೆರೆಯ ಮೇಲೆ ಕಾಣುವುದು ಕನ್ನಡ. ಯಂತ್ರದ ಲೆಕ್ಕದಲ್ಲಿ ಅದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ನಮ್ಮ 'ನುಡಿ' ಫಾಂಟಿನಲ್ಲಿ 'ನ' ಅಕ್ಷರ ಕೂತದ್ದು ಯಾವ ಮನೆಯಲ್ಲಿ ಗೊತ್ತೆ? ಬ್ರಿಟಿಷ್ ಪೌಂಡಿನ ಗುರುತಿನ ಮನೆಯಲ್ಲಿ! ಫಾಂಟು ತೆಗೆದುಬಿಟ್ಟರೆ 'ಕನ್ನಡ' ಎಂಬ ಪದದ ನಡುವೆ ಆ ಪೌಂಡು ಎದ್ದು ಕೂರುತ್ತದೆ. ಸಂಗೊಳ್ಳಿಯಲ್ಲಿ ಇದನ್ನು ಹೇಳಲು ಸಂಕೋಚವಾಗುತ್ತದೆ.

ಒಬ್ಬೊಬ್ಬ ವ್ಯಾಪಾರಿಯದು ಒಂದೊಂದು ಕ್ರಮ. ಒಂದರಲ್ಲಿ ಬೆರಳಚ್ಚಿಸಿದ್ದು ಇನ್ನೊಂದರಲ್ಲಿ ಓದಲು ಬಾರದು. ಮೇಲಾಗಿ ಕೆಲವು ವಾಣಿಜ್ಯ ತಂತ್ರಾಂಶಗಳಿಗೆ ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸುವ ಬೆರಳುದ್ದದ ಒಂದು ಬೀಗವಿರುತ್ತಿತ್ತು. ಅದಿಲ್ಲದೆ ತಂತ್ರಾಂಶ ತೆರೆಯದು. ನನಗೆ ಪರಿಚಯವಿದ್ದ ಒಂದು ಮುದ್ರಣಾಲಯದಲ್ಲಿ ಆ ಬೀಗ ಕೆಟ್ಟು, ಹತ್ತು ವರ್ಷಗಳ ಪುಸ್ತಕಗಳೆಲ್ಲ ಫ್ಲಾಪಿಗಳಲ್ಲಿ ಹಾಗೆಯೇ ಉಳಿದವು. ಕಾಗದದ ಪ್ರತಿ ಇದ್ದವರು ಮತ್ತೆ ಬೆರಳಚ್ಚು ಮಾಡಿಸಿದರು, ಅಷ್ಟೆ.

ಈ ಕಾಡಿನಲ್ಲಿ ದಾರಿ ಮಾಡಿದವರೂ ಇದ್ದರು. ದಕ್ಷಿಣ ಕನ್ನಡದ ಕೆ.ಪಿ. ರಾವ್ ಕನ್ನಡಕ್ಕೆ ಒಪ್ಪುವ ಕೀಲಿಮಣೆಯ ವಿನ್ಯಾಸ ಮಾಡಿದರು. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿನ ತಂತ್ರಾಂಶವನ್ನು ಹಣ ಕೇಳದೆ ಕೊಟ್ಟರು. ಸರ್ಕಾರ ಒಪ್ಪಿದ ಕೀಲಿಮಣೆಗೆ ಅವರದೇ ವಿನ್ಯಾಸ ಆಧಾರ. 1998ರಲ್ಲಿ ಅಮೆರಿಕದಲ್ಲಿದ್ದ ಶೇಷಾದ್ರಿವಾಸು 'ಬರಹ'ವನ್ನು ಉಚಿತವಾಗಿ ಹಂಚಿದರು. ಹೊರನಾಡಿನ ಕನ್ನಡಿಗರು ಪತ್ರ ಬರೆಯತೊಡಗಿದ್ದು ಅದರಿಂದ. ಮುಂದೆ ಹೊಸ ಆವೃತ್ತಿಗೆ ಬೆಲೆ ಇಟ್ಟರು. ಅದು ಅವರ ಶ್ರಮ, ಅವರ ಹಕ್ಕು. ಕನ್ನಡ ಗಣಕ ಪರಿಷತ್ತಿನ 'ನುಡಿ'ಯನ್ನು ರಾಜ್ಯ ಸರ್ಕಾರ ಕಚೇರಿ ಕಚೇರಿಗೂ ಮುಟ್ಟಿಸಿತು. ಪೂರ್ಣಚಂದ್ರ ತೇಜಸ್ವಿ ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶಕ್ಕಾಗಿ ಗಟ್ಟಿಯಾಗಿ ಮಾತನಾಡಿದರು. ಇವರೆಲ್ಲರ ಋಣ ದೊಡ್ಡದು. ಆದರೂ 'ನುಡಿ', 'ಬರಹ' ಬಹುಕಾಲ ಉಚಿತವಾಗಿದ್ದವೇ ಹೊರತು ಮುಕ್ತವಾಗಿರಲಿಲ್ಲ ಎಂದೇ ನನ್ನ ಅಭಿಪ್ರಾಯ. ಒಳಗಿನ ಕ್ರಮ ಎಲ್ಲರ ಕೈಗೆ ಸಿಕ್ಕಿದ್ದರೆ ತಿದ್ದುವ ಹುಡುಗರು ಹತ್ತು ವರ್ಷ ಮೊದಲೇ ಹುಟ್ಟುತ್ತಿದ್ದರು.

ಬಿಡುಗಡೆ ಬಂದದ್ದು ಯೂನಿಕೋಡಿನಿಂದ. ಜಗತ್ತಿನ ಲಿಪಿಗಳಿಗೆಲ್ಲ ಪ್ರತ್ಯೇಕ ಮನೆಸಂಖ್ಯೆ ಕೊಡುವ ಈ ಪದ್ಧತಿಯ ಮೊದಲ ಆವೃತ್ತಿಯಲ್ಲಿಯೇ, ಅಂದರೆ 1991ರಲ್ಲಿಯೇ, ಕನ್ನಡಕ್ಕೆ ಜಾಗ ಸಿಕ್ಕಿತ್ತು. ವಿಂಡೋಸ್ ಎಕ್ಸ್‌ಪಿ 2001ರಲ್ಲಿ 'ತುಂಗಾ' ಎಂಬ ಕನ್ನಡ ಫಾಂಟಿನೊಡನೆ ಬಂತು. 2004ರಲ್ಲಿ ರೆಡ್ ಹ್ಯಾಟ್ ಸಂಸ್ಥೆ 'ಲೋಹಿತ್' ಫಾಂಟುಗಳನ್ನು ಮುಕ್ತ ಪರವಾನಗಿಯಡಿ ಬಿಟ್ಟಿತು. ನಮ್ಮ ಸರ್ಕಾರ ಯೂನಿಕೋಡನ್ನು ಅಧಿಕೃತವಾಗಿ ಒಪ್ಪುವ ಹೊತ್ತಿಗೆ 2012 ಆಗಿತ್ತು. ಮನೆ ಸಿಕ್ಕು 20 ವರ್ಷದ ಮೇಲೆ ಗೃಹಪ್ರವೇಶ!

ಇದು ಬರಿಯ ತಾಂತ್ರಿಕ ತಕರಾರೆಂದು ತಿಳಿಯಬೇಡಿ. ಕಣ್ಣು ಕಾಣದ ವಿದ್ಯಾರ್ಥಿಯೊಬ್ಬನಿಗೆ ಕಂಪ್ಯೂಟರು ಓದಿ ಹೇಳುವ ತಂತ್ರಾಂಶವುಂಟು. ಅಂಥವುಗಳಲ್ಲಿ ಎನ್‌ವಿಡಿಎ ಎಂಬುದನ್ನು 2006ರಲ್ಲಿ ಆಸ್ಟ್ರೇಲಿಯಾದ ಅಂಧ ತರುಣ ಮೈಕೆಲ್ ಕರನ್ ಆರಂಭಿಸಿದ. ಅದು ಉಚಿತವೂ ಹೌದು, ಮುಕ್ತವೂ ಹೌದು. ಅದರೊಡನೆ ಬರುವ ಮುಕ್ತ ಧ್ವನಿತಂತ್ರಾಂಶಕ್ಕೆ ಕನ್ನಡವೂ ಬರುತ್ತದೆ. ಯೂನಿಕೋಡಿನಲ್ಲಿರುವ ಪಾಠವನ್ನು ಆ ಹುಡುಗ ಕೇಳಬಲ್ಲ. ಅದೇ ಪಾಠ ಹಳೆಯ ಫಾಂಟಿನಲ್ಲಿದ್ದರೆ ಅವನ ಕಿವಿಗೆ ಬೀಳುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ನಮಗೆ ಕಣ್ಣಿಗೆ ಚೆಂದ ಕಂಡದ್ದು ಅವನಿಗೆ ಮುಚ್ಚಿದ ಬಾಗಿಲು.

ಕನ್ನಡದ ಈ ಬೀಗ ಬಹುಪಾಲು ಅಜಾಗರೂಕತೆಯಿಂದ ಬಿದ್ದದ್ದು. ಬೇಕೆಂದೇ ಹಾಕುವ ಬೀಗ ಇನ್ನೊಂದುಂಟು. ಪುಸ್ತಕ, ಹಾಡು, ಸಿನಿಮಾಗಳ ಅಂಕೀಯ ಪ್ರತಿಗಳಿಗೆ ಹಾಕುವ ಇದನ್ನು ಡಿ.ಆರ್.ಎಂ. ಎನ್ನುತ್ತಾರೆ. ಡಿಜಿಟಲ್ ಹಕ್ಕುಗಳ ನಿರ್ವಹಣೆ ಎಂದು ಅದರ ಅರ್ಥ. ಯಾರ ಹಕ್ಕು ಎಂದು ಮಾತ್ರ ಹೆಸರಿನಲ್ಲಿಲ್ಲ. ಕಡತವನ್ನು ಗೂಢಲಿಪಿಗೆ ತಿರುಗಿಸಿ, ಅದನ್ನು ಬಿಡಿಸುವ ಕೀಲಿಕೈಯನ್ನು ಕಂಪನಿ ಒಪ್ಪಿದ ಯಂತ್ರದೊಳಗೆ ಅಡಗಿಸಿಡುವುದು ಅದರ ಕ್ರಮ. ಇದಕ್ಕೆ ಆಪರೇಟಿಂಗ್ ಸಿಸ್ಟಮ್ಮಿನ ಸಹಕಾರ ಬೇಕು. ವಾಲೀಕಾರ ಯಾರವನು ಎಂದು ಕೇಳಿದ್ದು ಅದಕ್ಕೇ.

2009ರ ಜುಲೈನಲ್ಲಿ ಅಮೆಜಾನ್ ತನ್ನ ಕಿಂಡಲ್ ಓದುಗರ ಯಂತ್ರಗಳಿಂದ ಜಾರ್ಜ್ ಆರ್ವೆಲ್‌ನ ಎರಡು ಪುಸ್ತಕಗಳನ್ನು ದೂರದಿಂದಲೇ ಅಳಿಸಿಹಾಕಿತು. ಮಾರಿದವನಿಗೆ ಹಕ್ಕಿರಲಿಲ್ಲವೆಂಬುದು ಕಾರಣ. ಹಣ ಮರಳಿಸಿತು, ಅಂದಿನ ಅದರ ಮುಖ್ಯಸ್ಥರು ಕ್ಷಮೆಯನ್ನೂ ಕೇಳಿದರು. ಅಳಿದ ಒಂದು ಪುಸ್ತಕ, ಸರ್ವಾಧಿಕಾರಿ ಸರ್ಕಾರವೊಂದು ಹಳೆಯ ಬರಹಗಳನ್ನು ಮಾಯಮಾಡುವ ಕಥೆಯುಳ್ಳ '1984'! 2019ರ ಜುಲೈನಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿದಾಗ ಕೊಂಡವರ ಪುಸ್ತಕಗಳೂ ತೆರೆಯದಾದವು. ಅದೂ ಹಣ ಹಿಂತಿರುಗಿಸಿತು. ಅಂಚಿನಲ್ಲಿ ಟಿಪ್ಪಣಿ ಬರೆದುಕೊಂಡಿದ್ದವರಿಗೆ ಮೇಲೆ 25 ಡಾಲರ್ ಕೊಟ್ಟಿತು. ಧಾರವಾಡದಲ್ಲಿ ಪುಸ್ತಕದ ಅಂಗಡಿಯೊಂದು ಮುಚ್ಚಿದರೆ ನಿಮ್ಮ ಮನೆಯ ಗೂಡಿನಿಂದ ಪುಸ್ತಕ ಎದ್ದು ಹೋಗುತ್ತದೆಯೆ?

ನಮ್ಮ ಕಾಯದೆ ಏನೆನ್ನುತ್ತದೆ? 2012ರಲ್ಲಿ ಕೃತಿಸ್ವಾಮ್ಯ ಕಾಯದೆಗೆ ಸೇರಿದ 65-ಎ ಕಲಮಿನ ಪ್ರಕಾರ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಒಡೆದರೆ ಎರಡು ವರ್ಷದವರೆಗೆ ಸೆರೆವಾಸ ಮತ್ತು ದಂಡ. ಕಾಯದೆ ನಿಷೇಧಿಸದ ಉದ್ದೇಶಕ್ಕಾದರೆ ಅಪರಾಧವಲ್ಲ. ಉದ್ದೇಶ ನೋಡದೆ ಬೀಗ ಮುರಿದದ್ದನ್ನೇ ತಪ್ಪೆನ್ನುವ 1998ರ ಅಮೆರಿಕನ್ ಕಾಯದೆಗಿಂತ ಇದು ವಾಸಿ. ಅಲ್ಲಿಯ ರೈತರು ತಮ್ಮದೇ ಟ್ರ್ಯಾಕ್ಟರಿನ ತಂತ್ರಾಂಶ ಮುಟ್ಟಿ ದುರಸ್ತಿ ಮಾಡಲು 2015ರಲ್ಲಿ ವಿಶೇಷ ವಿನಾಯಿತಿ ಪಡೆಯಬೇಕಾಯಿತು. ಆದರೆ ನಮ್ಮ ಕಾಯದೆಯಲ್ಲೂ ಒಂದು ಕೊರತೆಯಿದೆ. ತೆರೆಯುವ ಹಕ್ಕು ಕೊಟ್ಟಿತು. ಕೀಲಿಕೈ ಕೊಡಬೇಕೆಂದು ಯಾರಿಗೂ ಹೇಳಲಿಲ್ಲ.

ಎದುರು ವಾದವೂ ಇದೆ, ಅದು ಹಗುರವಾದುದಲ್ಲ. ಗೀಗೀ ಹಾಡುವ ಕಲಾವಿದ ತನ್ನ ಹಾಡನ್ನು ಧ್ವನಿಮುದ್ರಿಸಿದ ಮರುವಾರವೇ ಸಂತೆಯಲ್ಲಿ ನಕಲು ಸಿಕ್ಕರೆ ಅವನ ಹೊಟ್ಟೆಪಾಡೇನು? ಕೃತಿಸ್ವಾಮ್ಯ ಬೇಕು, ಬರೆದವರಿಗೆ ಹಾಡಿದವರಿಗೆ ದುಡ್ಡು ಸಲ್ಲಬೇಕು. ನನ್ನ ತಕರಾರು ಬೀಗದ ಮೇಲೆ. ಕಳ್ಳನಿಗೆ ಬೀಗ ಒಡೆಯಲು ಬರುತ್ತದೆ. ಒಂದು ಕಡೆ ಒಡೆದರೆ ಸಾಕು, ನಕಲು ಎಲ್ಲ ಕಡೆಗೂ ಹೋಗುತ್ತದೆ. ಸಿಕ್ಕಿಬೀಳುವವನು ದುಡ್ಡು ಕೊಟ್ಟು ಕೊಂಡ ಮರ್ಯಾದಸ್ಥ. 2009ರಲ್ಲಿ ಆಪಲ್ ಸಂಸ್ಥೆ ತಾನು ಮಾರುವ ಹಾಡುಗಳ ಮೇಲಿನ ಬೀಗ ತೆಗೆಯಿತು. ಹಾಡಿನ ವ್ಯಾಪಾರವೇನೂ ಅದರಿಂದ ನಿಂತುಹೋಗಲಿಲ್ಲ.

ನಿಮ್ಮೂರ ಲಾವಣಿಯನ್ನೇ ನೋಡಿ. ರಾಯಣ್ಣನ ಪದವನ್ನು ಯಾರು ಬೇಕಾದರೂ ಹಾಡುತ್ತಾರೆ, ನುಡಿ ಸೇರಿಸುತ್ತಾರೆ, ಮೇಳ ಬದಲಾದರೆ ಧಾಟಿಯೂ ಬದಲಾಗುತ್ತದೆ. ಆದರೆ ಲಾವಣಿಗಳ ಕೊನೆಯಲ್ಲಿ ಕಟ್ಟಿದವನ ಊರು, ಹೆಸರು, ಗುರುವಿನ ಅಂಕಿತ ಬರುವುದು ರೂಢಿ. ಹೆಸರು ಉಳಿಯುತ್ತದೆ, ಬೇಲಿ ಇರುವುದಿಲ್ಲ. ಮುಕ್ತ ತಂತ್ರಾಂಶದ ಪರವಾನಗಿಯೂ ಇದನ್ನೇ ಹೇಳುತ್ತದೆ. ಬರೆದವರ ಹೆಸರನ್ನು ಅಳಿಸುವಂತಿಲ್ಲ. 1880ರ ದಶಕದಲ್ಲಿ ಜೆ.ಎಫ್. ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿ ಈ ಭಾಗದ ಲಾವಣಿಗಳನ್ನು, ರಾಯಣ್ಣನ ದಂಗೆಯ ಪದವನ್ನೂ ಸೇರಿಸಿ, 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಅಚ್ಚು ಹಾಕಿಸಿದ. ಯಾರ ವಿರುದ್ಧ ಕಟ್ಟಿದ್ದೋ ಅವರ ಪೈಕಿಯವನೇ ಬರೆದಿಟ್ಟ! ಕಾಗದಕ್ಕೆ ಬೀಗವಿಲ್ಲದ್ದರಿಂದ ಇಂದು ಆ ಸಂಪುಟಗಳನ್ನು ಅಂತರ್ಜಾಲದಲ್ಲಿ ಯಾರು ಬೇಕಾದರೂ ಓದಬಹುದು. ಫ.ಗು. ಹಳಕಟ್ಟಿಯವರು ಮನೆ ಮಾರಿ 1925ರಲ್ಲಿ ವಿಜಾಪುರದಲ್ಲಿ ಮುದ್ರಣಾಲಯ ಹಾಕಿ ವಚನಗಳನ್ನು ಜನರ ಕೈಗಿತ್ತರು. ಆ ದಾರಿಯಲ್ಲಿ ಮುಂದೆ ಬಂದ ಕನ್ನಡ ತಂತ್ರಜ್ಞರು ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳನ್ನು ಯೂನಿಕೋಡಿನಲ್ಲಿ 'ವಚನ ಸಂಚಯ'ವಾಗಿ ತೆರೆದಿಟ್ಟಿದ್ದಾರೆ. ಒಂದು ಪದ ಯಾವ ಯಾವ ವಚನದಲ್ಲಿದೆ ಎಂದು ಕ್ಷಣದಲ್ಲಿ ಹುಡುಕಬಹುದು.

ಲಿನಕ್ಸ್ ಎಲ್ಲಕ್ಕೂ ಮದ್ದು ಎಂದು ನಾನು ಹೇಳುತ್ತಿಲ್ಲ. ಅಂಗಡಿಯ ಲೆಕ್ಕದ ತಂತ್ರಾಂಶ, ಕೆಲವು ಮುದ್ರಣಯಂತ್ರಗಳು ಅದರೊಡನೆ ಹೊಂದುವುದಿಲ್ಲ. ಕಲಿಸುವವರೂ ಹಳ್ಳಿಗಳಲ್ಲಿ ಕಡಿಮೆ. ನಿಮ್ಮ ಆಂಡ್ರಾಯ್ಡ್ ಮೊಬೈಲಿನ ಹೊಟ್ಟೆಯಲ್ಲಿರುವುದೂ ಲಿನಕ್ಸೇ. ಆದರೂ ಅದರ ಬಾಗಿಲಿಗೆ ತಯಾರಕರು ಬೀಗ ಜಡಿದಿರುತ್ತಾರೆ. ಅಂದರೆ ಒಳಗೆ ಮುಕ್ತವಾಗಿದ್ದ ಮಾತ್ರಕ್ಕೆ ನಮ್ಮ ಕೈಗೆ ಬಂದಂತಲ್ಲ.

ಶಿಕ್ಷಕರಿಗೆ ಒಂದೆರಡು ಮಾತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಪೋಷಣೆ ನಿಂತಿತು. ಅದರ ಮುಂದಿನ ಆವೃತ್ತಿ ಹಳೆಯ ಅನೇಕ ಯಂತ್ರಗಳನ್ನು ಒಪ್ಪುವುದಿಲ್ಲ. ಶಾಲೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮುನ್ನ ಲಿನಕ್ಸ್ ಇರುವ ಪೆನ್‌ಡ್ರೈವ್ ಸಿಕ್ಕಿಸಿ ನೋಡಿ. ಯಂತ್ರದಲ್ಲಿರುವುದನ್ನು ಅಳಿಸದೆಯೇ ಅದನ್ನು ನಡೆಸಿ ಪರೀಕ್ಷಿಸಲು ಬರುತ್ತದೆ. ನೆರೆಯ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ವರ್ಷಗಳಿಂದ ಮುಕ್ತ ತಂತ್ರಾಂಶದಲ್ಲೇ ಕಲಿಯುತ್ತಿದ್ದಾರೆ. ಎರಡನೆಯದು, ಶಾಲೆಯ ಸ್ಮರಣ ಸಂಚಿಕೆ, ಊರ ಹಿರಿಯರು ಹೇಳಿ ಬರೆಸಿದ ಪದಗಳು ಹಳೆಯ ಫಾಂಟುಗಳಲ್ಲಿ ಇದ್ದರೆ ಈಗಲೇ ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಪರಿವರ್ತಿಸಿದ ಮೇಲೆ ಒತ್ತಕ್ಷರಗಳನ್ನು, ಅರ್ಕಾವತ್ತನ್ನು ಒಮ್ಮೆ ಕಣ್ಣಾಡಿಸಿ ತಿದ್ದಬೇಕು. ತಪ್ಪು ಬೀಳುವುದು ಅಲ್ಲಿಯೇ.

ನಿಮ್ಮ ಪ್ರಶ್ನೆಗಳನ್ನು ಕೇಳಬಹುದು.