ಮರಳ ಮೇಲಿನ ಅಕ್ಷರ, ಗರಡಿಯ ಬಸ್ಕಿ

(ಶಿಕ್ಷಕರು ಮತ್ತು ಪೋಷಕರ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಬಸ್ಕಿ ಎಂಬ ಶಬ್ದ ಕನ್ನಡದಲ್ಲಿ ಎರಡು ಕಡೆ ಕೇಳಿಬರುತ್ತದೆ. ಒಂದು ಗರಡಿ ಮನೆಯಲ್ಲಿ, ಇನ್ನೊಂದು ಶಾಲೆಯಲ್ಲಿ. ಗರಡಿಯಲ್ಲಿ ನೂರು ಬಸ್ಕಿ ಹೊಡೆದ ಹುಡುಗ ಎದೆಯುಬ್ಬಿಸಿಕೊಂಡು ಹೊರಬರುತ್ತಾನೆ. ಶಾಲೆಯಲ್ಲಿ ಹತ್ತೇ ಬಸ್ಕಿ ಹೊಡೆದವನು ತಲೆ ತಗ್ಗಿಸಿ ಹಿಂದಿನ ಬೆಂಚಿಗೆ ಹೋಗಿ ಕೂರುತ್ತಾನೆ. ಮಂಡಿ ಬಾಗುವುದು ಅದೇ, ಉಸಿರು ಏರುವುದೂ ಅದೇ. ಬರವಣಿಗೆಯ ಕಥೆಯೂ ಹೀಗೆಯೇ. ದಿನಕ್ಕೊಂದು ಪುಟ ಕಾಪಿ ಬರೆದರೆ ಅಭ್ಯಾಸ. ತಪ್ಪಿಗಾಗಿ ಒಂದೇ ವಾಕ್ಯವನ್ನು ನೂರು ಸಲ ಬರೆದರೆ 'ಇಂಪೊಸಿಷನ್'. ಕೈಯನ್ನೂ ಮೈಯನ್ನೂ ಕಲಿಕೆಗೆ ಹಚ್ಚಬೇಕಾದ ಶಾಲೆ ಅವೆರಡನ್ನೂ ದಂಡನೆಯ ಸಾಧನ ಮಾಡಿಕೊಂಡದ್ದು ಹೇಗೆ?

ಇದು ಇಂದು ನಿನ್ನೆಯದಲ್ಲ. ಬಳ್ಳಾರಿಯ ಕಲೆಕ್ಟರ್ ಆಗಿದ್ದ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ತನ್ನ ಜಿಲ್ಲೆಯ ಶಾಲೆಗಳ ಬಗ್ಗೆ ಮದ್ರಾಸಿಗೆ ಒಂದು ವರದಿ ಕಳಿಸಿದ. ಧರ್ಮಪಾಲ್ ಅವರು 1983ರಲ್ಲಿ ಪ್ರಕಟಿಸಿದ 'ದಿ ಬ್ಯೂಟಿಫುಲ್ ಟ್ರೀ' ಗ್ರಂಥದಿಂದ ಈ ವರದಿ ಹೆಚ್ಚು ಜನರಿಗೆ ತಿಳಿಯಿತು. ಆಗಿನ ಬಳ್ಳಾರಿ ಜಿಲ್ಲೆ ಈಗಿನದಕ್ಕಿಂತ ಬಹಳ ದೊಡ್ಡದು. ಅನಂತಪುರದ ಭಾಗವೂ ಅದರೊಳಗಿತ್ತು. ಕ್ಯಾಂಪ್‌ಬೆಲ್ ಎಣಿಸಿದ ಶಾಲೆಗಳು 533. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226. ಓದುತ್ತಿದ್ದ ಮಕ್ಕಳು 6,641. ಅವರಲ್ಲಿ ಹುಡುಗಿಯರು ಬರೀ 60. ಹಳೆಯ ಶಾಲೆಗಳನ್ನು ಹೊಗಳುವ ಉತ್ಸಾಹದಲ್ಲಿ ಈ ಕೊನೆಯ ಅಂಕಿಯನ್ನು ಮರೆಯುವವರೇ ಹೆಚ್ಚು.

ಶಾಲೆ ಬೆಳಿಗ್ಗೆ ಆರಕ್ಕೇ ಆರಂಭ. ಎಲ್ಲರಿಗಿಂತ ಮೊದಲು ಬಂದ ಮಗುವಿನ ಅಂಗೈ ಮೇಲೆ ಗೌರವಾರ್ಥ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನ ಅಂಗೈಗೆ ಸೊನ್ನೆ, ಅಂದರೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ತಡವಾದಷ್ಟೂ ಏಟು ಏರುತ್ತಿತ್ತು. ಕೊನೆಗೆ ಬಂದವನ ಪಾಡು ಏನಾಗಿರಬಹುದು, ಯೋಚಿಸಿ.

ಯುರೋಪಿನ ಮಕ್ಕಳು ಅಕ್ಷರಮಾಲೆಯನ್ನು ಮೊದಲು ಬಾಯಲ್ಲಿ ಹೇಳಿ ಕಲಿಯುತ್ತಿದ್ದರೆ, ಇಲ್ಲಿನ ಮಗು ಮೊದಲು ಬೆರಳಿನಿಂದ ಮರಳಿನ ಮೇಲೆ ಬರೆಯುತ್ತಿತ್ತು ಎಂಬುದನ್ನು ಕ್ಯಾಂಪ್‌ಬೆಲ್ ವಿಶೇಷವಾಗಿ ಗುರುತಿಸಿದ್ದಾನೆ. ಕೈ ಪಳಗಿದ ಮೇಲೆ ಹಲಗೆ, ಕಡತ, ಓಲೆಗರಿ. ಹಲಗೆ ಎಂದರೆ ಒಂದಡಿ ಅಗಲ, ಮೂರಡಿ ಉದ್ದದ ನಯವಾದ ಮರದ ತುಂಡು. ಅನ್ನಕ್ಕೆ ಇದ್ದಿಲ ಪುಡಿ ಬೆರೆಸಿ ಬಳಿದು ಕಪ್ಪು ಮಾಡಿದ್ದು. ಕಡತ ಬಟ್ಟೆಯದು. ಗಂಜಿ ಹಾಕಿ ಗಟ್ಟಿಯಾಗಿಸಿ, ಪುಸ್ತಕದಂತೆ ಮಡಿಸಿ, ಇದ್ದಿಲು ಮತ್ತು ಅಂಟುಗಳ ಲೇಪ ಕೊಟ್ಟದ್ದು. ಬಳಪದಿಂದ ಬರೆಯುವುದು, ಒದ್ದೆ ಬಟ್ಟೆಯಿಂದ ಒರೆಸುವುದು. ಇಂದು ಸರ್ಕಾರಿ ಕಚೇರಿಗಳಲ್ಲಿ ಫೈಲಿಗೆ ಕಡತ ಎನ್ನುತ್ತೇವೆ. ಒರೆಸಿ ಮತ್ತೆ ಬರೆಯಬಹುದಾಗಿದ್ದ ವಸ್ತುವಿನ ಹೆಸರು ಕೊನೆಗೆ ಅಲ್ಲಾಡದೆ ಕೂರುವ ಫೈಲಿಗೆ ಬಂದದ್ದು ತಮಾಷೆಯೇ ಸರಿ.

ಅದೇ ವರದಿಯಲ್ಲಿ ಶಿಕ್ಷೆಗಳ ಪಟ್ಟಿಯೂ ಇದೆ. ಸೋಮಾರಿ ಹುಡುಗನಿಗೆ ಛಡಿ ಏಟು, ಎರಡೂ ಕೈ ಕಟ್ಟಿ ಸೂರಿಗೆ ತೂಗುಹಾಕುವುದು, ಇಲ್ಲವೆ ಬಿಡುವಿಲ್ಲದೆ ಕುಕ್ಕರಿಸಿ ಏಳಿಸುವುದು. ಈ ಕೊನೆಯದು ಬಹಳ ನೋವಿನ, ದಣಿಸುವ ಶಿಕ್ಷೆಯಾದರೂ ಬಹುಶಃ ಆರೋಗ್ಯಕ್ಕೆ ಒಳ್ಳೆಯದಿರಬಹುದು ಎಂದು ಕಲೆಕ್ಟರ್ ಸಾಹೇಬರ ಷರಾ. ವ್ಯಾಯಾಮ ನಮ್ಮ ಶಾಲೆಯ ದಾಖಲೆಗೆ ಬಂದದ್ದು ಹೀಗೆ, ಶಿಕ್ಷೆಯ ಪಟ್ಟಿಯ ಬಾಲವಾಗಿ! ಅಂಗಸಾಧನೆಗೆ ಊರಲ್ಲಿ ಬೇರೆಯದೇ ಜಾಗವಿತ್ತು. ಗರಡಿಯ ಕೆಮ್ಮಣ್ಣಿನ ಮಟ್ಟಿಯಲ್ಲಿ ದಂಡ, ಬಸ್ಕಿ, ಸಾಮು ಕಲಿಯುತ್ತಿದ್ದವನು ಒಬ್ಬ. ಮಠದ ಮರಳಿನಲ್ಲಿ ಅಕ್ಷರ ಕಲಿಯುತ್ತಿದ್ದವನು ಇನ್ನೊಬ್ಬ. ಇಬ್ಬರೂ ಒಬ್ಬನೇ ಆಗಿದ್ದ ಉದಾಹರಣೆಗಳು ಇದ್ದಿರಬಹುದು. ಆದರೆ ಎರಡನ್ನೂ ಸೇರಿಸಿ ಶಿಕ್ಷಣ ಎಂದು ಕರೆದವರು ಕಡಿಮೆ.

ಮರಳಿನ ಬರವಣಿಗೆ ಮಾತ್ರ ಸಮುದ್ರ ದಾಟಿತು. ಸ್ಕಾಟ್ಲೆಂಡಿನ ಪಾದ್ರಿ ಆಂಡ್ರ್ಯೂ ಬೆಲ್ 1789ರಿಂದ ಮದ್ರಾಸಿನ ಎಗ್ಮೋರಿನಲ್ಲಿದ್ದ ಸೈನಿಕರ ಅನಾಥ ಬಾಲಕರ ಶಾಲೆಯ ಮುಖ್ಯಸ್ಥನಾಗಿದ್ದ. ಮಲಬಾರ್ ಶಾಲೆಯೊಂದರ ಮಕ್ಕಳು ಮರಳಿನಲ್ಲಿ ಬರೆಯುತ್ತಿದ್ದುದು ಅವನ ಕಣ್ಣಿಗೆ ಬಿತ್ತು. ತನ್ನ ಶಾಲೆಯಲ್ಲೂ ಹಾಗೆ ಮಾಡಿಸಲು ಹೊರಟರೆ ಉಪಾಧ್ಯಾಯರು ಒಪ್ಪಲಿಲ್ಲ. ಕೊನೆಗೆ ಜಾನ್ ಫ್ರಿಸ್ಕೆನ್ ಎಂಬ ಎಂಟು ವರ್ಷದ ಹುಡುಗನಿಗೇ ಚಿಕ್ಕ ಮಕ್ಕಳಿಗೆ ಕಲಿಸುವ ಕೆಲಸ ವಹಿಸಿದ. ದೊಡ್ಡ ಮಕ್ಕಳು ಚಿಕ್ಕವರಿಗೆ ಕಲಿಸುವ ಈ ಕ್ರಮದ ಬಗ್ಗೆ 1797ರಲ್ಲಿ ಲಂಡನ್ನಿನಲ್ಲಿ ಅವನ ಪುಸ್ತಿಕೆ ಅಚ್ಚಾಯಿತು. 'ಮದ್ರಾಸ್ ಪದ್ಧತಿ' ಎಂದೇ ಇಂಗ್ಲೆಂಡಿನ ಶಾಲೆಗಳಲ್ಲಿ ಹೆಸರಾಯಿತು. ಅಲ್ಲಿನ ಬಡ ಮಕ್ಕಳೂ ಮರಳಿನ ತಟ್ಟೆಯಲ್ಲಿ ಅಕ್ಷರ ತಿದ್ದಿದರು. ಮುಂದೆ ಇಲ್ಲಿಗೆ ಇಂಗ್ಲಿಷ್ ಮಾದರಿಯ ಶಾಲೆ ಬಂದಾಗ ಅದರ ಜೊತೆಗೆ ಬಂದದ್ದು ನಾಲ್ಕು ಗೆರೆಯ ಕಾಪಿ ಪುಸ್ತಕ, ಮತ್ತು ಸೈನ್ಯದ ಕವಾಯತನ್ನು ಹೋಲುವ ಡ್ರಿಲ್.

ಆ ಡ್ರಿಲ್‌ಗೂ ಆ ಕಾಪಿಗೂ ಸಿಕ್ಕಿಬಿದ್ದ ಹುಡುಗರಲ್ಲಿ ಒಬ್ಬನ ಕಥೆ ಎಲ್ಲರಿಗೂ ಓದಲು ಸಿಗುತ್ತದೆ. ರಾಜಕೋಟೆಯ ಹೈಸ್ಕೂಲಿನಲ್ಲಿ ಮುಖ್ಯೋಪಾಧ್ಯಾಯ ದೊರಾಬ್ಜಿ ಎದುಲ್ಜಿ ಗಿಮಿ ಅವರು ಮೇಲಿನ ತರಗತಿಗಳಿಗೆ ವ್ಯಾಯಾಮವನ್ನೂ ಕ್ರಿಕೆಟ್ಟನ್ನೂ ಕಡ್ಡಾಯ ಮಾಡಿದರು. ಮೋಹನದಾಸ ಗಾಂಧಿಗೆ ಎರಡೂ ಬೇಡ. ನಾಚಿಕೆ ಒಂದು ಕಾರಣ. ಕಾಯಿಲೆ ಬಿದ್ದ ತಂದೆಯ ಶುಶ್ರೂಷೆ ಇನ್ನೊಂದು. ಒಂದು ಶನಿವಾರ ಶಾಲೆ ಬೆಳಿಗ್ಗೆ ಮುಗಿದಿತ್ತು, ವ್ಯಾಯಾಮಕ್ಕೆ ಸಂಜೆ ನಾಲ್ಕಕ್ಕೆ ಮತ್ತೆ ಬರಬೇಕಿತ್ತು. ಹುಡುಗನ ಬಳಿ ಗಡಿಯಾರವಿಲ್ಲ, ಆಕಾಶದಲ್ಲಿ ಮೋಡ. ಮೈದಾನ ತಲಪುವಷ್ಟರಲ್ಲಿ ಎಲ್ಲರೂ ಹೊರಟುಹೋಗಿದ್ದರು. ಕಾರಣ ಹೇಳಿದರೆ ಗಿಮಿಯವರು ನಂಬಲಿಲ್ಲ. ಒಂದೋ ಎರಡೋ ಆಣೆ ದಂಡ ಹಾಕಿದರು. ದಂಡಕ್ಕಿಂತ ಸುಳ್ಳುಗಾರನೆನಿಸಿಕೊಂಡದ್ದಕ್ಕೆ ಹುಡುಗ ಅತ್ತ. ಮುಂದೆ ತಂದೆಯೇ ಪತ್ರ ಬರೆದು ವಿನಾಯಿತಿ ಕೊಡಿಸಿದರು.

ಸ್ವಾರಸ್ಯವೆಂದರೆ ಆತ್ಮಕಥೆಯ ಅದೇ ಅಧ್ಯಾಯದಲ್ಲಿ ಗಾಂಧೀಜಿ ತಮ್ಮ ಕೆಟ್ಟ ಅಕ್ಷರದ ಮಾತನ್ನೂ ಎತ್ತುತ್ತಾರೆ. ಒಳ್ಳೆಯ ಬರಹ ಶಿಕ್ಷಣಕ್ಕೆ ಅಗತ್ಯವಲ್ಲ ಎಂಬ ಭಾವನೆ ಅವರಲ್ಲಿ ಹೇಗೋ ಬೇರೂರಿತ್ತಂತೆ. ದಕ್ಷಿಣ ಆಫ್ರಿಕದಲ್ಲಿ ಅಲ್ಲಿನ ವಕೀಲರ ಮುತ್ತಿನಂಥ ಅಕ್ಷರ ಕಂಡಾಗ ನಾಚಿಕೆಯಾಯಿತು; ತಿದ್ದಲು ಹೊತ್ತು ಮೀರಿತ್ತು. ಮಕ್ಕಳಿಗೆ ಮೊದಲು ಚಿತ್ರ ಬರೆಯಲು ಕಲಿಸಿ, ಹೂವು ಹಕ್ಕಿಗಳನ್ನು ನೋಡಿದಂತೆಯೇ ಅಕ್ಷರವನ್ನೂ ನೋಡಿ ಬರೆಯಲಿ ಎಂಬುದು ಅವರ ಸಲಹೆ. ವ್ಯಾಯಾಮದ ಬಗ್ಗೆಯೂ ಅಷ್ಟೇ: ದೇಹದ ತರಬೇತಿಗೆ ಬುದ್ಧಿಯ ತರಬೇತಿಯಷ್ಟೇ ಸ್ಥಾನ ಪಠ್ಯಕ್ರಮದಲ್ಲಿರಬೇಕೆಂದು ಅವರು ಒಪ್ಪಿಕೊಂಡರು. ಆದರೆ ಗಿಮಿಯವರ ಕಡ್ಡಾಯದಲ್ಲಿ ಒಂದು ಕೊರತೆಯಿತ್ತು ಎನ್ನದೆ ವಿಧಿಯಿಲ್ಲ. ಹಾಜರಿ ಪುಸ್ತಕ ಅಲ್ಲಿತ್ತು, ದಂಡವಿತ್ತು. ನಾಚಿಕೆಯ ಹುಡುಗನನ್ನು ಮೈದಾನಕ್ಕೆ ಒಲಿಸುವ ಉಪಾಯ ಕಾಣಲಿಲ್ಲ. ಆ ಹುಡುಗ ತನ್ನ ಪಾಡಿಗೆ ದೂರ ದೂರ ನಡೆಯುವ ಅಭ್ಯಾಸ ಬೆಳೆಸಿಕೊಂಡ. ಅದು ಕೊನೆಯವರೆಗೂ ಅವರನ್ನು ಕಾಪಾಡಿತು.

ಇತ್ತ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ತೆರೆದರು. ಅವರ 'ಯೋಗ ಮಕರಂದ' 1934ರಲ್ಲಿ ಕನ್ನಡದಲ್ಲೇ ಹೊರಬಂತು. ಮರುವರ್ಷಗಳಲ್ಲಿ ಅಲ್ಲಿ ಕಲಿತವರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನ ಒಬ್ಬ ರೋಗಿಷ್ಠ ಹುಡುಗನಿದ್ದ. ಮೆಟ್ರಿಕ್ ದಾಟಲಾಗದ ಆ ಹುಡುಗನೇ ಮುಂದೆ ಬಿ.ಕೆ.ಎಸ್. ಅಯ್ಯಂಗಾರ್ ಆದರು.

ಮರಳಿಗೆ ಮರಳೋಣ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಕರಿನ್ ಜೇಮ್ಸ್ ಮತ್ತು ಸಹೋದ್ಯೋಗಿ 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಇನ್ನೂ ಓದಲು ಬಾರದ ಐದು ವರ್ಷದ ಮಕ್ಕಳು ಕೆಲವು ಅಕ್ಷರಗಳನ್ನು ತಾವಾಗಿ ಬರೆದರು, ಕೆಲವನ್ನು ಚುಕ್ಕೆಗಳ ಮೇಲೆ ತಿದ್ದಿದರು, ಇನ್ನು ಕೆಲವನ್ನು ಕೀಲಿ ಒತ್ತಿ ಮೂಡಿಸಿದರು. ಆಮೇಲೆ ಅದೇ ಅಕ್ಷರಗಳನ್ನು ತೋರಿಸಿ ಮೆದುಳನ್ನು ಸ್ಕ್ಯಾನ್ ಮಾಡಿದಾಗ, ಓದಿಗೆ ಬೇಕಾದ ಭಾಗಗಳು ಎಚ್ಚೆತ್ತದ್ದು ತಾವಾಗಿ ಬರೆದ ಅಕ್ಷರಗಳನ್ನು ಕಂಡಾಗ. ಸೊಟ್ಟಂಬಟ್ಟ ಬರೆಯುವುದರಲ್ಲೇ ಲಾಭವಿರಬಹುದೆಂದು ಸಂಶೋಧಕರ ಊಹೆ. ಹತ್ತು ಬಗೆಯಲ್ಲಿ ವಕ್ರವಾದರೂ ಇದು ಅದೇ ಅಕ್ಷರ ಎಂದು ಮಗುವಿಗೆ ಮನದಟ್ಟಾಗುತ್ತದೆ. ಮಕ್ಕಳ ಸಂಖ್ಯೆ ಚಿಕ್ಕದು, ಅಕ್ಷರಗಳು ಇಂಗ್ಲಿಷಿನವು. ನಮ್ಮ ಒತ್ತಕ್ಷರ, ಗುಣಿತಗಳಿಗೆ ಹಾಗೆಯೇ ಅನ್ವಯಿಸಬಾರದು. ಆದರೂ ಮನೆಯಲ್ಲಿ ಮಗುವಿನ ಕೈಹಿಡಿದು ತಿದ್ದಿಸುತ್ತಲೇ ಇರುವ ತಂದೆತಾಯಿ ಇದನ್ನು ಗಮನಿಸಬೇಕು. ಮರಳಿನಲ್ಲಿ ಒಂದು ಅನುಕೂಲವಿತ್ತು: ತಪ್ಪಿದರೆ ಅಂಗೈ ಆಡಿಸಿದರಾಯಿತು, ಕೆಂಪು ಶಾಯಿಯ ಗುರುತು ಉಳಿಯುತ್ತಿರಲಿಲ್ಲ.

ಮೈಯ ವಿಚಾರಕ್ಕೆ ಲೆಕ್ಕ ಸ್ಪಷ್ಟವಾಗಿದೆ. ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಬೆವರು ಬರುವಂಥ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಪರೀಕ್ಷೆ ಹತ್ತಿರವಾದಂತೆ ಪಿ.ಟಿ. ಪೀರಿಯಡ್ಡನ್ನು ಗಣಿತಕ್ಕೂ ವಿಜ್ಞಾನಕ್ಕೂ 'ಸಾಲ' ಕೊಡುವ ಶಾಲೆಗಳಲ್ಲಿ ಆ ಸಾಲ ತೀರಿದ್ದನ್ನು ಕಂಡವರುಂಟೆ? ಇನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ತಪ್ಪಿಗೆ ಬಸ್ಕಿ ಹೊಡೆಸುವಂತಿಲ್ಲ. ಆದರೆ ಬಸ್ಕಿಯನ್ನೇ ಶಾಲೆಯಿಂದ ಓಡಿಸಬೇಕೆಂದು ಕಾಯ್ದೆ ಎಲ್ಲೂ ಹೇಳಿಲ್ಲ. ಅದೇ ಕಾಯ್ದೆಯ ಅನುಸೂಚಿ ಆಟದ ಮೈದಾನ ಬೇಕೆನ್ನುತ್ತದೆ. ಆರರಿಂದ ಎಂಟನೆಯ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಬೇಕೆನ್ನುತ್ತದೆ.

ಹೊಸದಾಗಿ ಹಣ ಕೇಳದ ಒಂದೆರಡು ಕೆಲಸಗಳು ಸಾಧ್ಯ. ಒಂದನೆಯ ತರಗತಿಗೆ ಅಗಲವಾದ ತಟ್ಟೆ, ಜರಡಿ ಹಿಡಿದ ಮರಳು. ಇಂಪೊಸಿಷನ್ ಬದಲು ದಿನಕ್ಕೆ ಐದು ಸಾಲು, ಮಗು ತಾನೇ ಕಂಡದ್ದರ ಬಗ್ಗೆ. ತಪ್ಪು ಮಾಡಿದವನಿಗಷ್ಟೇ ಅಲ್ಲ, ಎಲ್ಲರಿಗೂ. ಬೆಳಿಗ್ಗೆ ಪ್ರಾರ್ಥನೆಯ ನಂತರ ಸಾಲಿನಲ್ಲಿ ನಿಂತು ಇಪ್ಪತ್ತು ಬಸ್ಕಿ, ಹುಡುಗಿಯರೂ ಸೇರಿ. ಎಣಿಸುವ ಕೆಲಸ ಮಕ್ಕಳದೇ ಇರಲಿ. ಮೇಷ್ಟ್ರು ಮಾತ್ರ ಪಕ್ಕಕ್ಕೆ ನಿಂತು ನೋಡುವಂತಿಲ್ಲ, ಅವರೂ ಸಾಲಿಗೆ ಬರಬೇಕು.