ಬೆಳೆಯುವ ಮಕ್ಕಳಿಗೆ ಬೆಟ್ಟ ಕಾಡಿನ ಸಹವಾಸ

(ಗ್ರಾಮಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ನಾವು ಹೀಗೆ ಸೇರಿದಾಗಲೆಲ್ಲ ಬಿತ್ತನೆ ಬೀಜ, ಗೊಬ್ಬರ, ಕೆರೆಯ ಹೂಳು, ಹಾಲಿನ ಡೇರಿ, ರಾಸುಗಳ ರೋಗ ಇವುಗಳ ಮಾತನ್ನೇ ಆಡುತ್ತೇವೆ. ಇವತ್ತು ಬೇರೊಂದು ಬೆಳೆಯ ಮಾತು. ಅದು ನಮ್ಮ ಮನೆಯೊಳಗೇ ಬೆಳೆಯುತ್ತಿರುವ ಬೆಳೆ. ನಮ್ಮ ಹುಡುಗರು ಮತ್ತು ಹುಡುಗಿಯರು. ಈ ಬೆಳೆಗೆ ಅನ್ನ, ಬಟ್ಟೆ, ಶಾಲೆ, ಔಷಧ ಎಲ್ಲವನ್ನೂ ನಾವು ಶಕ್ತಿ ಮೀರಿ ಒದಗಿಸುತ್ತಿದ್ದೇವೆ. ಆದರೆ ದುಡ್ಡು ಕೊಡದೆ ಸಿಗುವ ಒಂದು ಗೊಬ್ಬರವು ಊರ ಹೊರಗೇ ಇದೆ. ಬೆಟ್ಟ, ಕಾಡು, ಹಳ್ಳ, ಕುರುಚಲು, ದೇವರ ಬನ ಇವುಗಳಲ್ಲಿ ಮಕ್ಕಳು ಕಳೆಯುವ ಹೊತ್ತೇ ಆ ಗೊಬ್ಬರ. ಅದನ್ನು ಹಾಕುವುದನ್ನು ನಾವು ಸದ್ದಿಲ್ಲದೆ ನಿಲ್ಲಿಸಿಬಿಟ್ಟಿದ್ದೇವೆ.

"ಇದನ್ನು ಪಟ್ಟಣದವರಿಗೆ ಹೇಳಿ ಸ್ವಾಮಿ, ನಮ್ಮ ಮಕ್ಕಳು ಹುಟ್ಟಿದ್ದೇ ಬಯಲಿನಲ್ಲಿ" ಎಂದು ತಾವು ಹೇಳಬಹುದು. ನ್ಯಾಯವಾದ ಮಾತು. ಆದರೆ ಒಂದು ಲೆಕ್ಕ ಹಾಕಿ ನೋಡೋಣ. ಎಂಟನೆಯ ತರಗತಿಯ ಹುಡುಗನು ಬೆಳಿಗ್ಗೆ ಬಸ್ಸನ್ನೋ ಶಾಲೆಯ ವ್ಯಾನನ್ನೋ ಹತ್ತುತ್ತಾನೆ. ದಿನವೆಲ್ಲ ಕೊಠಡಿಯೊಳಗೆ ಇರುತ್ತಾನೆ. ಸಂಜೆ ಟ್ಯೂಷನ್. ಕತ್ತಲಾದ ಮೇಲೆ ಮನೆ. ಊಟ ಮಾಡುವಾಗ ಕೈಯಲ್ಲಿ ಮೊಬೈಲು, ಮಲಗಿದ ಮೇಲೂ ಮೊಬೈಲು. ಹೆಣ್ಣು ಮಗಳಾದರೆ ರಜೆಯ ದಿನವೂ ಅಡಿಗೆಮನೆ ಮತ್ತು ಹಿತ್ತಲು, ಅಷ್ಟೇ. ನಮ್ಮ ತಂದೆಯವರ ಕಾಲದಲ್ಲಿ ದನ ಕಾಯಲು ಹೋದ ಹುಡುಗನು ಕಾರೆಹಣ್ಣು, ಎಲಚಿ, ಕವಳೆ ಹುಡುಕಿ ತಿಂದು, ಗೌಜಲ ಹಕ್ಕಿಯ ಕೂಗು ಕೇಳಿ, ಹಳ್ಳದಲ್ಲಿ ಕಾಲು ಇಳಿಬಿಟ್ಟು ಕುಳಿತು, ಸಂಜೆಗೆ ಮನೆ ಸೇರುತ್ತಿದ್ದನು. ಆ ಕಾಲವು ಮರಳಿ ಬರಲಿ ಎಂದು ನಾನು ಹೇಳುತ್ತಿಲ್ಲ. ಮಕ್ಕಳು ಶಾಲೆಗೆ ಹೋಗಲೇಬೇಕು. ಆದರೆ ಅಂದು ತಾನಾಗಿ ಸಿಗುತ್ತಿದ್ದುದು ಇಂದು ತಾನಾಗಿ ಸಿಗುವುದಿಲ್ಲ. ನಾವೇ ಏರ್ಪಾಡು ಮಾಡಿ ಕೊಡಬೇಕು.

ಇದರಿಂದ ಮಕ್ಕಳಿಗೆ ಲಾಭವೇನು? ಬರೀ ಬಾಯಿಮಾತಿನಲ್ಲಿ ಹೇಳದೆ, ಪರೀಕ್ಷೆ ಮಾಡಿ ನೋಡಿದವರ ಸಂಗತಿಗಳನ್ನೇ ಹೇಳುತ್ತೇನೆ.

ಮೊದಲು ಕಣ್ಣಿನ ವಿಷಯ. ಚೀನಾ ದೇಶದ ಗ್ವಾಂಗ್‌ಝೌ ಪಟ್ಟಣದಲ್ಲಿ 12 ಪ್ರಾಥಮಿಕ ಶಾಲೆಗಳನ್ನು ಆರಿಸಿಕೊಂಡರು. ಅರ್ಧ ಶಾಲೆಗಳಲ್ಲಿ ಒಂದನೆಯ ತರಗತಿಯ ಮಕ್ಕಳನ್ನು ಪ್ರತಿ ಶಾಲಾ ದಿನವೂ 40 ನಿಮಿಷ ಹೆಚ್ಚಾಗಿ ಹೊರಗೆ ಬಯಲಿಗೆ ಬಿಟ್ಟರು. ಉಳಿದ ಶಾಲೆಗಳು ಎಂದಿನಂತೆಯೇ ನಡೆದವು. ಮೂರು ವರ್ಷದ ನಂತರ ನೋಡಿದರೆ, ಎಂದಿನಂತೆ ನಡೆದ ಶಾಲೆಗಳಲ್ಲಿ ನೂರಕ್ಕೆ 39.5 ಮಕ್ಕಳಿಗೆ ಹೊಸದಾಗಿ ಸಮೀಪದೃಷ್ಟಿ, ಅಂದರೆ ದೂರದ್ದು ಮಸುಕಾಗಿ ಕಾಣುವ ದೋಷ, ಬಂದಿತ್ತು. ಬಯಲಿಗೆ ಬಿಟ್ಟ ಮಕ್ಕಳಲ್ಲಿ ಅದು ನೂರಕ್ಕೆ 30.4 ಮಾತ್ರ. ಈ ಫಲಿತಾಂಶವು 2015ರಲ್ಲಿ ಪ್ರಕಟವಾಯಿತು. ಹಗಲಿನ ಬೆಳಕು ಮಾಡಿದ ಕೆಲಸವಿದು. ಇದಕ್ಕೆ ಖರ್ಚಾದುದು ದಿನಕ್ಕೆ 40 ನಿಮಿಷ.

ಎರಡನೆಯದು ಮನಸ್ಸಿನ ವಿಷಯ. ಡೆನ್ಮಾರ್ಕ್ ದೇಶದಲ್ಲಿ 1985ರಿಂದ 2003ರವರೆಗೆ ಹುಟ್ಟಿದ ಒಂಬತ್ತು ಲಕ್ಷಕ್ಕೂ ಹೆಚ್ಚು ಜನರ ದಾಖಲೆಗಳನ್ನು ವಿದ್ವಾಂಸರು ಪರಿಶೀಲಿಸಿ 2019ರಲ್ಲಿ ವರದಿ ಕೊಟ್ಟರು. ಅವರು ಹುಟ್ಟಿ ಬೆಳೆದ ಮನೆಯ ಸುತ್ತ ಹಸಿರು ಎಷ್ಟಿತ್ತು ಎಂಬುದನ್ನು ಉಪಗ್ರಹದ ಚಿತ್ರಗಳಿಂದ ಅಳೆದರು. ಅತಿ ಕಡಿಮೆ ಹಸಿರಿನ ನಡುವೆ ಬೆಳೆದವರಿಗೆ, ಅತಿ ಹೆಚ್ಚು ಹಸಿರಿನ ನಡುವೆ ಬೆಳೆದವರಿಗಿಂತ, ಮುಂದೆ ಮಾನಸಿಕ ಕಾಯಿಲೆ ಬರುವ ಸಂಭವ ನೂರಕ್ಕೆ 55ರವರೆಗೂ ಹೆಚ್ಚಾಗಿತ್ತು. ತಂದೆತಾಯಿಗಳ ವರಮಾನ, ಮನೆತನದಲ್ಲಿ ಇದ್ದ ಕಾಯಿಲೆ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಹಸಿರಿಗೂ ಮನಸ್ಸಿಗೂ ಇರುವ ನಂಟು ಅಳಿಸಿಹೋಗಲಿಲ್ಲ. ಹಸಿರೊಂದೇ ಕಾರಣವೆಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೆ ಅಷ್ಟೊಂದು ಜನರಲ್ಲಿ ಕಂಡ ಸಂಗತಿಯನ್ನು ತಳ್ಳಿಹಾಕುವಂತೆಯೂ ಇಲ್ಲ.

ಮೂರನೆಯದು ಧೈರ್ಯದ ವಿಷಯ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಸರಕು ಹಡಗುಗಳನ್ನು ಶತ್ರುಗಳು ಮುಳುಗಿಸುತ್ತಿದ್ದರು. ಲಾರೆನ್ಸ್ ಹೋಲ್ಟ್ ಎಂಬ ಹಡಗಿನ ಕಂಪನಿಯ ಯಜಮಾನನಿಗೆ ಒಂದು ವಿಚಿತ್ರ ಕಂಡಿತು. ಸಣ್ಣ ದೋಣಿಗಳಲ್ಲಿ ಸಮುದ್ರದ ಪಾಲಾದಾಗ, ಗಟ್ಟಿಮುಟ್ಟಾದ ಎಳೆಯ ನಾವಿಕರು ಆಸೆ ಬಿಟ್ಟು ಸಾಯುತ್ತಿದ್ದರು. ಗಾಳಿ ಅಲೆಗಳಲ್ಲಿ ಪಳಗಿದ ಹಳಬರು ತಾಳಿಕೊಂಡು ಬದುಕುತ್ತಿದ್ದರು. ಹಿಟ್ಲರನನ್ನು ವಿರೋಧಿಸಿ 1933ರಲ್ಲಿ ಜರ್ಮನಿಯನ್ನು ಬಿಟ್ಟು ಬಂದಿದ್ದ ಕರ್ಟ್ ಹಾನ್ ಎಂಬ ಉಪಾಧ್ಯಾಯನೊಡನೆ ಸೇರಿ, ಹೋಲ್ಟನು 1941ರಲ್ಲಿ ವೇಲ್ಸ್ ಸೀಮೆಯ ಅಬರ್ಡೋವಿ ಎಂಬಲ್ಲಿ ಒಂದು ಶಾಲೆಯನ್ನು ತೆರೆಸಿದನು. ಅದೇ 'ಔಟ್‌ವರ್ಡ್ ಬೌಂಡ್'. ಸುಮಾರು ನಾಲ್ಕು ವಾರ ಹುಡುಗರು ಬೆಟ್ಟ ಹತ್ತುವುದು, ದೋಣಿ ನಡೆಸುವುದು, ಆಪತ್ತಿನಲ್ಲಿದ್ದವರನ್ನು ಕಾಪಾಡುವುದು ಇವನ್ನು ಕಲಿಯುತ್ತಿದ್ದರು. ಇಂಥ ಶಾಲೆಗಳು ಇಂದು ಮೂವತ್ತಕ್ಕೂ ಹೆಚ್ಚು ದೇಶಗಳಲ್ಲಿವೆ. 1997ರಲ್ಲಿ ಜಾನ್ ಹ್ಯಾಟಿ ಮತ್ತು ಸಂಗಡಿಗರು ಈ ಬಗೆಯ ಶಿಬಿರಗಳ ಮೇಲಿನ 96 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. "ನನ್ನ ಕೈಲಾಗುತ್ತದೆ" ಎಂಬ ನಂಬಿಕೆ ಮಕ್ಕಳಲ್ಲಿ ಹೆಚ್ಚಿತ್ತು. ಶಿಬಿರ ಮುಗಿದ ಮೇಲೂ ಅದು ಇಳಿದಿರಲಿಲ್ಲ. ಆದರೆ ಶಿಬಿರದಿಂದ ಶಿಬಿರಕ್ಕೆ ಫಲ ಬಹಳ ಬೇರೆಯಾಗಿತ್ತು. ಬೀಜ ಒಂದೇ ಆದರೂ ಉಳುಮೆಯಂತೆ ಫಸಲು ಬರುತ್ತದೆಯಲ್ಲವೇ?

ಹೀಗೆ ಆಗುವುದು ಹೇಗೆ? ತಮಗೆ ತಿಳಿದ ಮಾತಿನಲ್ಲೇ ಹೇಳುತ್ತೇನೆ. ಪಾಠ ಓದುವಾಗಲೂ ಮೊಬೈಲು ನೋಡುವಾಗಲೂ ಮನಸ್ಸಿನ ಮೇಲೆ ನೊಗವಿರುತ್ತದೆ. ಗಮನವನ್ನು ಬಿಗಿಹಿಡಿದು ಎಳೆಯುತ್ತಲೇ ಇರಬೇಕು. ಕಾಡಿಗೆ ಹೋದರೆ ನೊಗ ಇಳಿಯುತ್ತದೆ. ಎಲೆ ಅಲ್ಲಾಡುವುದನ್ನು, ಇರುವೆ ಸಾಲು ಹೋಗುವುದನ್ನು ನೋಡಲು ಯಾರೂ ಬಲವಂತ ಮಾಡಬೇಕಾಗಿಲ್ಲ. ನೋಡುತ್ತಿದ್ದ ಹಾಗೆಯೇ ಮನಸ್ಸು ದಣಿವಾರಿಸಿಕೊಳ್ಳುತ್ತದೆ. ನಡೆದು ದಣಿದ ಮೈಗೆ ರಾತ್ರಿ ನಿದ್ದೆ ಬರುತ್ತದೆ. ಬಂಡೆ ಹತ್ತಿ ಇಳಿದ ಹುಡುಗಿಗೆ ತನ್ನ ಕಾಲಿನ ಮೇಲೆ ನಂಬಿಕೆ ಹುಟ್ಟುತ್ತದೆ. ಮತ್ತೊಂದು ಸಂಗತಿ. ಮನೆಯಲ್ಲಿ ಎದುರು ಕೂರಿಸಿಕೊಂಡು ಕೇಳಿದರೆ ಬಾಯಿ ಬಿಡದ ಮಗನು, ಪಕ್ಕದಲ್ಲಿ ನಡೆಯುತ್ತಾ ಹೋದಾಗ ತಾನಾಗಿಯೇ ಮಾತು ತೆಗೆಯುತ್ತಾನೆ. ಪರೀಕ್ಷೆಯ ಭಯ, ಗೆಳೆಯರ ಜಗಳ, ಹಾಸ್ಟೆಲಿನ ಕಷ್ಟ ಎಲ್ಲವೂ ಹೊರಗೆ ಬರುತ್ತವೆ. ಇಷ್ಟಾದರೂ ಆ ದಿನ ಸಾರ್ಥಕ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಕಾಡನ್ನು ಶಿಕ್ಷೆಯ ಜಾಗವನ್ನಾಗಿ ಮಾಡಬಾರದು. ಅಮೆರಿಕದಲ್ಲಿ ದಾರಿ ತಪ್ಪಿದ ಮಕ್ಕಳನ್ನು ತಿದ್ದುತ್ತೇವೆಂದು ದುಡ್ಡು ಪಡೆದು, ಮಕ್ಕಳ ಇಚ್ಛೆಗೆ ವಿರೋಧವಾಗಿ ಕಾಡಿನ ಶಿಬಿರಗಳಲ್ಲಿ ಇಟ್ಟುಕೊಳ್ಳುವ ಸಂಸ್ಥೆಗಳು ಹುಟ್ಟಿಕೊಂಡವು. 2024ರ ಫೆಬ್ರವರಿಯಲ್ಲಿ ನಾರ್ತ್ ಕ್ಯಾರೊಲಿನಾ ರಾಜ್ಯದ ಇಂಥ ಒಂದು ಶಿಬಿರಕ್ಕೆ ಸೇರಿಸಿದ 12 ವರ್ಷದ ಬಾಲಕನು ಮಾರನೆಯ ಬೆಳಿಗ್ಗೆಯೇ ಉಸಿರುಕಟ್ಟಿ ಸತ್ತಿದ್ದನು. ಆ ವರ್ಷವೇ ಅಲ್ಲಿನ ಸರ್ಕಾರವು ಶಿಬಿರದ ಪರವಾನಗಿಯನ್ನು ರದ್ದು ಮಾಡಿತು. ಆದುದರಿಂದ, "ಇವನಿಗೆ ಬುದ್ಧಿ ಬರಲಿ" ಎಂದು ಅಟ್ಟುವುದಲ್ಲ. "ಬಾ ಮಗು, ಹೋಗಿ ಬರೋಣ" ಎಂದು ಕರೆದುಕೊಂಡು ಹೋಗುವುದು. ಫಲವು ಕರೆಯುವ ಪ್ರೀತಿಯಲ್ಲಿಯೂ ಇದೆ, ಬರೀ ಮರಗಳಲ್ಲಿ ಇಲ್ಲ.

ಇನ್ನೊಂದು ಮಾತನ್ನೂ ಸ್ಪಷ್ಟವಾಗಿ ಹೇಳಬೇಕು. ಕಾಡು ಎಲ್ಲ ಕಾಯಿಲೆಗೂ ಮದ್ದಲ್ಲ. ಮಗು ವಾರಗಟ್ಟಲೆ ಊಟ ನಿದ್ದೆ ಬಿಟ್ಟು ಮಂಕಾಗಿದ್ದರೆ, ಬದುಕೇ ಬೇಡವೆಂಬ ಮಾತಾಡಿದರೆ, "ಹರೆಯದ ಚೇಷ್ಟೆ" ಎಂದು ಸುಮ್ಮನಿರಬೇಡಿ. ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸರ್ಕಾರದ ಟೆಲಿ ಮಾನಸ್ ಎಂಬ ವ್ಯವಸ್ಥೆಯು 2022ರಲ್ಲಿ ಪ್ರಾರಂಭವಾಗಿದೆ. 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲಿಯೇ, ಹಣವಿಲ್ಲದೆ, ಸಲಹೆ ದೊರೆಯುತ್ತದೆ. ಇದರಲ್ಲಿ ನಾಚಿಕೆಯ ವಿಷಯವೇನೂ ಇಲ್ಲ.

ಈಗ ನಮ್ಮ ಊರಿನಲ್ಲಿ ಏನು ಮಾಡಬಹುದು? ತಿಂಗಳಿಗೆ ಒಂದು ಭಾನುವಾರ ಸಾಕು. ಯುವಕ ಸಂಘ, ಮಹಿಳಾ ಸಂಘ ಮತ್ತು ಶಾಲೆಯ ಉಪಾಧ್ಯಾಯರು ಕೂಡಿ ಹೀಗೆ ನಡೆಸಬಹುದು.

1. ಜಾಗ: ದೂರ ಹೋಗಬೇಕಾಗಿಲ್ಲ. ಊರ ಗುಡ್ಡ, ಗೋಮಾಳ, ಹಳ್ಳದ ದಂಡೆ, ದೇವರಕಾಡು ಯಾವುದಾದರೂ ಆದೀತು. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳನ್ನು ಜನರು ಭಕ್ತಿಯಿಂದ ಉಳಿಸಿಕೊಂಡು ಬಂದಿದ್ದಾರೆ. ರಕ್ಷಿತ ಅರಣ್ಯ, ಅಭಯಾರಣ್ಯಗಳಿಗೆ ಮಾತ್ರ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೋಗಕೂಡದು. ಇಲಾಖೆಯವರು ಶಾಲಾ ಮಕ್ಕಳನ್ನು ಕಾಡಿಗೆ ಕರೆದೊಯ್ಯುವ 'ಚಿಣ್ಣರ ವನ ದರ್ಶನ' ಎಂಬ ಕಾರ್ಯಕ್ರಮವನ್ನು ನಡೆಸಿಕೊಂಡು ಬಂದಿದ್ದಾರೆ. ನಮ್ಮ ಶಾಲೆಯ ಮಕ್ಕಳಿಗೂ ಅವಕಾಶ ದೊರೆಯುವಂತೆ ವಲಯ ಅರಣ್ಯಾಧಿಕಾರಿಗಳನ್ನು ವಿಚಾರಿಸಿ.

2. ಜೊತೆ: ಎಂಟು ಮಕ್ಕಳಿಗೆ ಒಬ್ಬರಂತೆ ದೊಡ್ಡವರಿರಲಿ. ಹೆಣ್ಣು ಮಕ್ಕಳನ್ನು ಬಿಡಬೇಡಿ. ಅವರೊಡನೆ ಮಹಿಳಾ ಸಂಘದ ತಾಯಂದಿರು ಹೋಗಲಿ. ಗಿಡಮೂಲಿಕೆ ಬಲ್ಲ ಅಜ್ಜನೋ ಅಜ್ಜಿಯೋ ಇದ್ದರೆ ಅವರೇ ಆ ದಿನದ ಗುರುಗಳು.

3. ಬುತ್ತಿ: ರೊಟ್ಟಿ, ಚಟ್ನಿಪುಡಿ, ಮೊಸರನ್ನ ಸಾಕು. ನೀರನ್ನು ಧಾರಾಳವಾಗಿ ಒಯ್ಯಿರಿ. ಪ್ಲಾಸ್ಟಿಕ್ ಚೀಲಗಳನ್ನು ಬಿಟ್ಟು ಬರಬೇಡಿ. ಧ್ವನಿವರ್ಧಕ ಬೇಡ. ಮೊಬೈಲು ದೊಡ್ಡವರ ಬಳಿ ಮಾತ್ರ ಇರಲಿ, ಆಪತ್ತಿಗೆ ಬೇಕಾಗುತ್ತದೆ.

4. ಕೆಲಸ: ಸೌದೆ ತರುವ, ಸೊಪ್ಪು ಕಡಿಯುವ ಕೆಲಸವನ್ನು ಆ ದಿನ ಹಚ್ಚಬೇಡಿ. ಪಾಠವನ್ನೂ ಹೇರಬೇಡಿ. ಅರ್ಧ ಗಂಟೆ ಎಲ್ಲರೂ ಮಾತಿಲ್ಲದೆ ಕುಳಿತು ಕೇಳಲಿ. ಆಮೇಲೆ ಮರ, ಬಳ್ಳಿ, ಹಕ್ಕಿಗಳಿಗೆ ನಮ್ಮ ಊರಿನಲ್ಲಿ ಕರೆಯುವ ಹೆಸರುಗಳನ್ನು ಮಕ್ಕಳು ಒಂದು ಪುಸ್ತಕದಲ್ಲಿ ಬರೆದುಕೊಳ್ಳಲಿ. 2002ರ ಜೀವವೈವಿಧ್ಯ ಕಾಯಿದೆಯ ಮೇರೆಗೆ ಗ್ರಾಮ ಪಂಚಾಯಿತಿಯಲ್ಲಿ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಇಡಬೇಕಾಗಿದೆ. ಮಕ್ಕಳ ಪುಸ್ತಕವು ಅದಕ್ಕೂ ಒದಗೀತು.

5. ಅಪಾಯ: ಹೆಜ್ಜೇನಿರುವ ಕಡೆ ಹೊಗೆ ಹಾಕಬೇಡಿ, ಕಲ್ಲೆಸೆಯಬೇಡಿ. ಆನೆ, ಚಿರತೆ ಓಡಾಡುವ ಕಡೆಗೆ ಹೋಗಬೇಡಿ. ಕೆರೆ, ಕಲ್ಲುಗಣಿಯ ಹೊಂಡಗಳಲ್ಲಿ ಈಜಲು ಬಿಡಬೇಡಿ. ಗುಡುಗು ಕೇಳಿದರೆ ಒಂಟಿ ಮರದ ಕೆಳಗೆ ನಿಲ್ಲದೆ ಊರಿಗೆ ಹಿಂತಿರುಗಿ. ಹಾವು ಕಚ್ಚಿದರೆ ಗಾಯ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಮಂತ್ರ ಹಾಕಿಸುವುದು ಬೇಡ. ಕಚ್ಚಿದ ಅಂಗವನ್ನು ಅಲ್ಲಾಡಿಸದೆ, 108 ವಾಹನವನ್ನು ಕರೆಸಿ, ಕೂಡಲೇ ಆಸ್ಪತ್ರೆಗೆ ಸೇರಿಸಿ.

6. ಮಂಗನ ಕಾಯಿಲೆ: ಇದು ಮಲೆನಾಡಿನವರಿಗೆ ಮುಖ್ಯ. ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಮೊದಲು ಕಂಡ ಈ ರೋಗವು ಉಣ್ಣೆ ಕಚ್ಚುವುದರಿಂದ ಬರುತ್ತದೆ. ಚಳಿಗಾಲದಿಂದ ಮಳೆ ಬೀಳುವವರೆಗೆ ಇದರ ಕಾಟ ಹೆಚ್ಚು. ಮಂಗ ಸತ್ತುಬಿದ್ದ ಕಡೆಗೆ ಹೋಗಬೇಡಿ, ಮುಟ್ಟಬೇಡಿ. ಆರೋಗ್ಯ ಕೇಂದ್ರಕ್ಕೆ ತಿಳಿಸಿ. ರೋಗ ಕಾಣಿಸಿಕೊಂಡ ಊರುಗಳಲ್ಲಿ ಆ ತಿಂಗಳುಗಳ ಮಟ್ಟಿಗೆ ಕಾಡಿಗೆ ಹೋಗುವುದೇ ಬೇಡ, ತೆರೆದ ಬಯಲಿಗೆ ಹೋಗಿ. ಕಾಡಿಗೆ ಹೋಗಿ ಬಂದವರಿಗೆ ಜ್ವರ ಬಂದರೆ ವೈದ್ಯರಿಗೆ ಆ ವಿಷಯವನ್ನು ತಪ್ಪದೆ ಹೇಳಿ.

"ಸುಗ್ಗಿಯ ಕಾಲದಲ್ಲಿ ಒಂದು ದಿನ ಎಂದರೆ ನಷ್ಟ" ಎಂದು ಕೆಲವರು ಹೇಳಿಯಾರು. ಸುಗ್ಗಿಯಲ್ಲಿ ಬೇಡ, ಬಿಡುವಿನ ತಿಂಗಳುಗಳಲ್ಲಿ ಮಾಡಿ. ಆದರೆ ನಷ್ಟದ ಲೆಕ್ಕವನ್ನು ಪೂರ್ತಿಯಾಗಿ ಹಾಕಿ. ಗುಡ್ಡವನ್ನು ತನ್ನದೆಂದು ತಿಳಿಯದ ಹುಡುಗನು ಅದಕ್ಕೆ ಬೆಂಕಿ ಬಿದ್ದರೂ ಏಳುವುದಿಲ್ಲ, ಕಲ್ಲಿಗಾಗಿ ಕೊರೆದು ಮಾರಿದರೂ ಕೇಳುವುದಿಲ್ಲ. ನಾಗರಹೊಳೆಯ ಕಾಡನ್ನು ಕಾಯ್ದು 2024ರಲ್ಲಿ ತೀರಿಕೊಂಡ ಕೆ.ಎಂ. ಚಿಣ್ಣಪ್ಪನವರು ಅರಣ್ಯ ಇಲಾಖೆಯ ಕೆಲಸವನ್ನು ಬಿಟ್ಟ ಮೇಲೆ ಶಾಲೆಯ ಮಕ್ಕಳಿಗೆ ಪ್ರಕೃತಿ ಶಿಬಿರಗಳನ್ನು ನಡೆಸಿದರು. ಕಾಡನ್ನು ಉಳಿಸುವ ಕೆಲಸವು ಎಳೆಯರಿಂದಲೇ ಮೊದಲಾಗಬೇಕೆಂಬುದಕ್ಕೆ ಅವರ ಬಾಳೇ ನಿದರ್ಶನ. ಮಕ್ಕಳನ್ನು ಕಾಡು ಕಾಪಾಡುತ್ತದೆ. ಆ ಮಕ್ಕಳೇ ಮುಂದೆ ಕಾಡನ್ನೂ, ಅದರಿಂದ ಬರುವ ಹಳ್ಳದ ನೀರನ್ನೂ ಕಾಪಾಡುತ್ತಾರೆ. ಆ ನೀರು ಬೇಕಾಗಿರುವುದು ನಮ್ಮ ಹೊಲಗಳಿಗೇ.

ಆದುದರಿಂದ ಬಂಧುಗಳೇ, ಬರುವ ಭಾನುವಾರಗಳಲ್ಲಿ ಒಂದನ್ನು ಇಂದೇ ಗೊತ್ತುಮಾಡಿ, ಹೋಗುವ ಮಕ್ಕಳ ಮತ್ತು ಜೊತೆಗೆ ಹೋಗುವ ಹಿರಿಯರ ಹೆಸರುಗಳನ್ನು ಶಾಲೆಯಲ್ಲಿ ಬರೆಸಿ. ಮೂರು ತಿಂಗಳು ನಡೆಸಿ ನೋಡಿ. ಮಕ್ಕಳ ಮುಖ, ಊಟ, ನಿದ್ದೆ ಇವುಗಳನ್ನು ತಾಯಂದಿರೇ ಪರೀಕ್ಷಿಸಲಿ. ಫಲ ಕಂಡರೆ ಪಕ್ಕದ ಊರಿಗೂ ತಿಳಿಸಿ.