‘ಹೊಂದಿಕೊಂಡು ಹೋಗು’ ಅನ್ನುವ ಮೊದಲು

(ಹಿರೀಸಾವೆಯಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಮುಂದೆ ಆಡಿದ ಮಾತುಗಳ ಬರಹ ರೂಪ)



ವಾರವಾರವೂ ನಾವು ಕೂಡುವುದು ಉಳಿತಾಯದ ದುಡ್ಡು ಕಟ್ಟುವುದಕ್ಕೆ, ಸಾಲದ ಕಂತು ಎಣಿಸುವುದಕ್ಕೆ. ಇವತ್ತು ಲೆಕ್ಕದ ಪುಸ್ತಕವನ್ನು ಒಂದು ಗಳಿಗೆ ಮುಚ್ಚಿಡೋಣ. ಬದುಕೇ ಬೇಡ ಅನ್ನಿಸಿದ ಹೆಣ್ಣುಮಗಳ ಪಕ್ಕದಲ್ಲಿ ಹೇಗೆ ಕೂರಬೇಕು ಎಂಬುದನ್ನು ಮಾತಾಡೋಣ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಹಲವು ವರ್ಷಗಳ ಹಿಂದಿನ ಮಾತು. ನಮ್ಮ ಬೀದಿಗೆ ಸೊಸೆಯಾಗಿ ಬಂದಿದ್ದ ಹುಡುಗಿಯೊಬ್ಬಳು ನಲ್ಲಿಯ ಹತ್ತಿರ ಕೊಡ ಇಟ್ಟು, “ಸಾಕಾಗೋಗದೆ ಕಣಕ್ಕ” ಅಂದಳು. ತವರಿನಿಂದ ಇನ್ನೂ ಹಣ ತಾ ಎಂದು ಅವಳನ್ನು ಪೀಡಿಸುತ್ತಿದ್ದುದು ಬೀದಿಗೆಲ್ಲ ಗೊತ್ತಿತ್ತು. ನಾನು “ಹೊಂದ್ಕೊಂಡು ಹೋಗವ್ವ, ಒಂದು ಮಗುವಾದ್ರೆ ಎಲ್ಲ ಸರಿಹೋಯ್ತದೆ” ಅಂದು ನನ್ನ ಕೊಡ ಎತ್ತಿಕೊಂಡು ಬಂದೆ. ಎಂಟು ದಿನದಲ್ಲಿ ಅವಳು ಆಸ್ಪತ್ರೆಯ ಹಾಸಿಗೆಯಲ್ಲಿದ್ದಳು. ಪುಣ್ಯಕ್ಕೆ ಜೀವ ಉಳಿಯಿತು. ನೋಡಲು ಹೋದವಳನ್ನು ಅವಳು ಕೇಳಿದ್ದು ಒಂದೇ ಮಾತು: “ಅವತ್ತು ನಿಮ್ಗೆ ಹೇಳಿದ್ನಲ್ಲಕ್ಕ?”

ಆ ಮಾತಿಗೆ ನನ್ನಲ್ಲಿ ಇವತ್ತಿಗೂ ಉತ್ತರವಿಲ್ಲ. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ಗಾದೆ ಹೇಳಿಕೊಂಡೇ ಬೆಳೆದವರು ನಾವು. ತವರು ಹೊರಗು, ಗಂಡನ ಮನೆ ನರಕ. ಹಾಗಾದರೆ ಅವಳು ಯಾರ ಹತ್ತಿರ ಹೇಳಿಕೊಳ್ಳಬೇಕು?

ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಲೆಕ್ಕದಂತೆ 2021ರಲ್ಲಿ ನಮ್ಮ ದೇಶದಲ್ಲಿ 45,026 ಹೆಂಗಸರು ಆತ್ಮಹತ್ಯೆಯಿಂದ ತೀರಿಕೊಂಡರು. ಅವರಲ್ಲಿ ಅರ್ಧಕ್ಕೂ ಹೆಚ್ಚು, 23 ಸಾವಿರ ಮೀರಿ, ಗೃಹಿಣಿಯರು. ಯಾವ ಮನೆಯಲ್ಲಿ ಹೆಣ್ಣು ಕ್ಷೇಮ ಎನ್ನುತ್ತೇವೋ ಅದೇ ಮನೆಯೊಳಗಿದ್ದವರು. ಇದನ್ನು ಅವಳ ಮನಸ್ಸಿನ ದೌರ್ಬಲ್ಯ ಎಂದು ಕೈ ತೊಳೆದುಕೊಂಡರೆ ಹೊಡೆದವನ ಕೈ, ಹಣ ಕೇಳಿದ ಬಾಯಿ ಎರಡೂ ಲೆಕ್ಕದಿಂದ ತಪ್ಪಿಸಿಕೊಳ್ಳುತ್ತವೆ.

ಈಗಿನ ಹುಡುಗಿಯರು ಮನೆಯಲ್ಲಿ ಹೇಳಲಾಗದ್ದನ್ನು ರಾತ್ರಿ ಹೊತ್ತು ಮೊಬೈಲಿನಲ್ಲಿ ಗುರುತಿಲ್ಲದವರಿಗೆ ಬರೆಯುತ್ತಾರೆ. ಅಲ್ಲಿ ಅವರ ಮಾತನ್ನು ಯಾರೋ ಕೇಳುತ್ತಾರೆ, ಬುದ್ಧಿ ಹೇಳುವುದಿಲ್ಲ, ಬೈಯುವುದಿಲ್ಲ. ಆದರೆ ಆ ಕಡೆ ಇರುವವರು ಒಳ್ಳೆಯವರೋ ಕೆಟ್ಟವರೋ ಗೊತ್ತಿಲ್ಲ. ಸಾವಿನ ಕಡೆಗೇ ತಳ್ಳುವವರೂ ಇರುತ್ತಾರೆ. ಹಾಗಂತ ಮೊಬೈಲು ಕಿತ್ತುಕೊಂಡರೆ ಅವಳಿಗಿದ್ದ ಒಂದು ಕಿಂಡಿಯನ್ನೂ ಮುಚ್ಚಿದಂತೆ. ಅಲ್ಲಿ ಸಿಕ್ಕ ಕಿವಿ ನಮ್ಮಲ್ಲಿ ಯಾಕೆ ಸಿಗಲಿಲ್ಲ ಎಂದು ಕೇಳಿಕೊಳ್ಳಬೇಕಾದವರು ನಾವು.

ಹಾಗಾದರೆ ಏನು ಮಾಡಬೇಕು?

ಒಂದು, ನೇರವಾಗಿ ಕೇಳಿ. “ಜೀವ ಕಳಕೊಳ್ಳಬೇಕು ಅನ್ನಿಸ್ತಾ ಇದೆಯಾ?” ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂದು ಹೆದರುತ್ತೇವೆ. ಹಾಗಾಗುವುದಿಲ್ಲ. ಬಾಯಿಬಿಟ್ಟು ಕೇಳಿದವರು ಒಬ್ಬರಾದರೂ ಇದ್ದಾರಲ್ಲ ಎಂದು ಎದೆ ಹಗುರಾಗುತ್ತದೆ.

ಎರಡು, ಕೇಳಿದ ಮೇಲೆ ಸುಮ್ಮನೆ ಕೂರಿ. “ಮಕ್ಕಳ ಮುಖ ನೋಡು”, “ನಾವೆಲ್ಲ ಸಹಿಸಿಲ್ವಾ” ಬೇಡ. ಅವಳು ಅಳಲಿ. ಮಾತು ಅವಳದಾಗಲಿ.

ಮೂರು, ಆ ಗಳಿಗೆಯಲ್ಲಿ ಒಬ್ಬಳನ್ನೇ ಬಿಡಬೇಡಿ. ಹೊಲದ ಔಷಧಿ, ಮಾತ್ರೆಗಳು ಕೈಗೆ ಸಿಗದಂತೆ ಬೀಗದಲ್ಲಿರಲಿ. ತೀರ ಒತ್ತಿ ಬರುವ ಗಳಿಗೆ ದಾಟಿಸಿದರೆ ಎಷ್ಟೋ ಜೀವ ಉಳಿಯುತ್ತವೆ. “ಯಾರಿಗೂ ಹೇಳಲ್ಲ” ಎಂದು ಆಣೆ ಇಡಬೇಡಿ. “ನಿನ್ನ ಜೀವ ಉಳಿಸೋಕೆ ಬೇಕಾದವರಿಗೆ ಮಾತ್ರ ಹೇಳ್ತೀನಿ” ಅನ್ನಿ.

ನಾಲ್ಕು, ಒಬ್ಬಳೇ ಹೊರಬೇಡಿ. 14416ಕ್ಕೆ ಫೋನು ಮಾಡಿ. ಇದು 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಯಾವಾಗ ಬೇಕಾದರೂ, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ಅವಳ ಪರವಾಗಿ ನೀವೂ ಮಾಡಬಹುದು. ಹೊಡೆತ ಬಡಿತವಿದ್ದರೆ ಮಹಿಳಾ ಸಹಾಯವಾಣಿ 181, ಜೀವಕ್ಕೆ ಅಪಾಯವಿದ್ದರೆ 112. ಮನಸ್ಸಿಗೆ ಔಷಧಿ ಎಂದರೆ ಬೆಂಗಳೂರಿಗೇ ಹೋಗಬೇಕೆಂದಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಆಶಾ ಕಾರ್ಯಕರ್ತೆಯನ್ನು ಕೇಳಿ, ದಾರಿ ತೋರಿಸುತ್ತಾಳೆ.

ಆಸ್ಪತ್ರೆಗೆ ಹೋದರೆ ಪೊಲೀಸು ಕೇಸಾಗುತ್ತದೆ ಎಂದು ಎಷ್ಟೋ ಮನೆಯವರು ಮುಚ್ಚಿಡುತ್ತಾರೆ. ಇದು ಹಳೆಯ ಹೆದರಿಕೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು. ಅವರಿಗೆ ಆರೈಕೆ ಕೊಡುವುದು ಸರ್ಕಾರದ ಹೊಣೆ. ಯತ್ನಿಸಿದವರನ್ನು ಶಿಕ್ಷಿಸುತ್ತಿದ್ದ ಹಳೆಯ 309ನೇ ಕಲಂ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ರೂಪದಲ್ಲಿ ಉಳಿದಿಲ್ಲ. ಆದರೆ ಹಿಂಸೆ ಕೊಟ್ಟ ಗಂಡನಿಗೂ ಅವನ ಕಡೆಯವರಿಗೂ ಶಿಕ್ಷೆ ಇದೆ. ನಾವು 498ಎ ಎಂದು ಕರೆಯುತ್ತಿದ್ದುದು ಈಗ 85ನೇ ಕಲಂ. 2005ರ ಕೌಟುಂಬಿಕ ಹಿಂಸೆ ಕಾಯ್ದೆ, ಗಂಡನ ಜೊತೆ ಬಾಳಿದ ಮನೆಯಲ್ಲಿ ಇರುವ ಹಕ್ಕನ್ನು ಅವಳಿಗೆ ಕೊಟ್ಟಿದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಗೆ ಹೋಗಿ ಸಂರಕ್ಷಣಾಧಿಕಾರಿ ಯಾರೆಂದು ಕೇಳಿ. ಒಬ್ಬಳೇ ಹೋದರೆ “ನಾಳೆ ಬಾ” ಎಂದಾರು. ಹತ್ತು ಜನ ಹೋದರೆ ಕುರ್ಚಿ ಕೊಡುತ್ತಾರೆ.

ಕೊನೆಗೆ ನಮ್ಮ ಸಂಘದ ಮಾತು. ಕಂತು ಕಟ್ಟಲಾಗದವಳನ್ನು ಎಲ್ಲರೆದುರು ನಿಲ್ಲಿಸಿ ಕೇಳುತ್ತೇವೆ, ಮನೆ ಬಾಗಿಲಿಗೆ ಹೋಗಿ ಕೂರುತ್ತೇವೆ. ಅವತ್ತು ಒಳಗೆ ಏನು ನಡೆದಿತ್ತೋ ನಮಗೆ ಗೊತ್ತಿರುವುದಿಲ್ಲ. ಹಣ ವಸೂಲಿ ಮಾಡಲು ಕಟ್ಟಿದ ಸಂಘವಲ್ಲ ಇದು. ಯಾರಾದರೂ ಎರಡು ವಾರ ಸಭೆಗೆ ಬರಲಿಲ್ಲವೆಂದರೆ ಇಬ್ಬರು ಅವಳ ಮನೆಗೆ ಹೋಗಲಿ. ಕಂತಿನ ಸುದ್ದಿ ಎತ್ತದೆ, “ಹೇಗಿದ್ದೀಯವ್ವ?” ಎಂದು ಕೇಳಿ ಬರಲಿ.

ನಲ್ಲಿಯ ಹತ್ತಿರ ನನ್ನೊಡನೆ ಮಾತಾಡಿದ್ದ ಹುಡುಗಿ ಈಗ ಬೇರೆ ಮನೆ ಮಾಡಿಕೊಂಡು, ಹೊಲಿಗೆ ಹಾಕಿ ಮಗಳನ್ನು ಓದಿಸುತ್ತಿದ್ದಾಳೆ. ನಮ್ಮ ಸಂಘಕ್ಕೂ ಸೇರಿದ್ದಾಳೆ. ಯಾರ ಮುಖ ಬಾಡಿದೆ ಎಂದು ನಮ್ಮೆಲ್ಲರಿಗಿಂತ ಮೊದಲು ಗುರುತಿಸುವವಳು ಅವಳೇ. ಅವಳನ್ನು ನೋಡಿದಾಗಲೆಲ್ಲ ನನಗೆ ಅನ್ನಿಸುವುದು ಇಷ್ಟು: ಮುಂದಿನ ಸಲ ಯಾರಾದರೂ “ಸಾಕಾಗೋಗದೆ ಕಣಕ್ಕ” ಅಂದರೆ ನನ್ನ ಕೊಡ ಅಲ್ಲೇ ಇರಲಿ, ನೀರು ಹರಿದುಹೋದರೆ ಹೋಗಲಿ. ನೀವೂ ಕೊಡ ಕೆಳಗಿಡಿ.